ನೇರ ಹೊಲಿಗೆಯ ದುಂಡು ಚಂದ್ರ

ಮೊದಲ ವಾರ

ತಂಗಿಗೆ ಈಗ ಆರು ತಿಂಗಳು. ಹೆರಿಗೆಗೆ ಧಾರವಾಡಕ್ಕೆ ಬರುವ ಹೊತ್ತಿಗೆ ಮಗುವಿಗೊಂದು ಕೌದಿ ಸಿದ್ಧವಿರಬೇಕೆಂದು ಅವ್ವನ ಟ್ರಂಕು ತೆರೆದು ಬಟ್ಟೆ ಆರಿಸಿದೆ: ಅಪ್ಪನ ಎರಡು ಪಂಚೆ, ನೀಲಿಯ ಮೂರು ಹತ್ತಿ ಸೀರೆ, ಗುಳೇದಗುಡ್ಡ ಖಣದ ಕೆಂಪು ತುಂಡೊಂದು. ನೀಲಿಯ ನಡುವೆ ನಾಲ್ಕು ಬಿಳಿ ಚಂದ್ರ ಮೂಡಬೇಕು ಅನ್ನುವುದು ಆಸೆ.

ದುಂಡಗೆ ಕತ್ತರಿಸಿ ಜೋಡಿಸುವ ಯೋಚನೆಯನ್ನು ಮೊದಲ ದಿನವೇ ಬಿಟ್ಟೆ. ದುಂಡಗೆ ಕತ್ತರಿಸಿದರೆ ಅಂಚಿನ ಬಹುಭಾಗ ಓರೆಯಾಗುತ್ತದೆ, ಓರೆ ಅಂಚು ಜಗ್ಗುತ್ತದೆ. ಹತ್ತಾರು ವರ್ಷ ಒಗೆದು ತೆಳುವಾದ ಪಂಚೆಯಂತೂ ಕೈಯಲ್ಲಿ ಹಿಡಿದರೇ ಉದ್ದವಾಗುತ್ತದೆ. ಹಾಗಾಗಿ ಒಂದೂ ಬಾಗಿದ ಹೊಲಿಗೆ ಇಲ್ಲದೆ ಚಂದ್ರನನ್ನು ತರಿಸುವ ದಾರಿ ಹಿಡಿದೆ.

ದಾರಿ ಹೊಸದೇನಲ್ಲ. ಅಮೆರಿಕದಲ್ಲಿ ಹತ್ತೊಂಬತ್ತನೇ ಶತಮಾನದಲ್ಲೇ ಮನೆಮಾತಾಗಿದ್ದ ಲಾಗ್ ಕ್ಯಾಬಿನ್ ವಿನ್ಯಾಸ ಇದರ ತಾಯಿ. ನಡುವೆ ಪುಟ್ಟ ಚೌಕ, ಸುತ್ತ ಪಟ್ಟಿಯ ಮೇಲೆ ಪಟ್ಟಿ, ಮರದ ದಿಮ್ಮಿ ಪೇರಿಸಿ ಮನೆ ಕಟ್ಟಿದ ಹಾಗೆ. ನಡುವಿನ ಚೌಕ ಕೆಂಪಾಗಿದ್ದರೆ ಅದು ಮನೆಯ ಒಲೆ ಎನ್ನುತ್ತಾರೆ. ಖಣದ ತುಂಡನ್ನು ಅಲ್ಲಿಗೇ ಎತ್ತಿಟ್ಟೆ.

ಒಂದಕ್ಕೊಂದು ತಾಗಿದ ಎರಡು ಪಕ್ಕಕ್ಕೆ ಬಿಳಿ, ಉಳಿದೆರಡು ಪಕ್ಕಕ್ಕೆ ನೀಲಿ ಹಾಕುತ್ತ ಹೋದರೆ, ಪಟ್ಟಿಗಳೆಲ್ಲ ಒಂದೇ ಅಗಲದವಾದಾಗ ಬಿಳಿ-ನೀಲಿಯ ಗಡಿ ಮೂಲೆಯಿಂದ ಮೂಲೆಗೆ ನೇರವಾಗಿ ಬರುತ್ತದೆ. ಬಿಳಿ ಅಗಲ, ನೀಲಿ ಕಿರಿದು ಮಾಡಿದರೆ ಕೆಂಪು ಚೌಕ ನೀಲಿಯ ಕಡೆ ಸರಿಯುತ್ತದೆ, ಗಡಿಯೂ ಅದರ ಜೊತೆ ಬಿಲ್ಲಿನಂತೆ ಬಾಗುತ್ತದೆ. ಅಂಥ ನಾಲ್ಕು ತುಂಡುಗಳ ಬಿಳಿ ಮೂಲೆಗಳನ್ನು ಒಂದೆಡೆ ಸೇರಿಸಿದರೆ ಚಂದ್ರ.

ಎರಡನೇ ವಾರ

ಎಷ್ಟು ಅಗಲ, ಎಷ್ಟು ಕಿರಿದು? ವಾರವಿಡೀ ಗ್ರಾಫ್ ಹಾಳೆಯ ಮೇಲೆ ಕಳೆಯಿತು, ಬೇಸರವೇ ಆಗಲಿಲ್ಲ.

ಮೊದಲು ಒಂದಕ್ಕೆರಡು: ನೀಲಿ ಅರ್ಧ ಇಂಚು, ಬಿಳಿ ಒಂದು ಇಂಚು, ನಡುಚೌಕ ಒಂದು ಇಂಚು. ಆರು ಸುತ್ತಿಗೆ 10 ಇಂಚಿನ ತುಂಡು. ಕೈವಾರದಿಂದ ವೃತ್ತ ಎಳೆದು ಹೋಲಿಸಿದೆ. ಚಂದ್ರನ ಮಧ್ಯದಿಂದ ನೆಟ್ಟಗೆ ಮೇಲಕ್ಕೆ, ಪಕ್ಕಕ್ಕೆ ಅಳೆದರೆ 10 ಇಂಚು, ಓರೆಯಾಗಿ ಕೆಂಪು ಚೌಕದ ನಡುವಿಗೆ ಅಳೆದರೆ 9.2. ಓರೆ ದಿಕ್ಕಿನಲ್ಲಿ ಚಪ್ಪಟೆಯಾದ ಚಂದ್ರ. ಆಮೇಲೆ ಒಂದಕ್ಕೆ ಮೂರು ಹಾಕಿ ನೋಡಿದೆ. ಈ ಸಲ ಓರೆಯಲ್ಲೇ ಉಬ್ಬಿ, ಚಂದ್ರ ಚೌಕದ ಕಡೆ ವಾಲಿತು.

ಲೆಕ್ಕ ಬಿಡಿಸಿದಾಗ ಗುಟ್ಟು ಸಿಕ್ಕಿತು. ನಡುಚೌಕವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಅಗಲದ ಪಟ್ಟಿ ಕಿರಿದಾದದ್ದರ 2.41 ಪಟ್ಟು ಇದ್ದಾಗ ಎರಡೂ ಅಳತೆ ಒಂದೇ ಆಗುತ್ತವೆ. ಎರಡರ ವರ್ಗಮೂಲಕ್ಕೆ ಒಂದು ಕೂಡಿಸಿದರೆ ಬರುವ ಸಂಖ್ಯೆ ಅದು. ಟೇಪಿನಲ್ಲಿ 2.41 ಹಿಡಿಯುವುದು ಕಷ್ಟ, ಎರಡೂವರೆ ಪಟ್ಟು ಸುಲಭ. ನೀಲಿ ಅರ್ಧ ಇಂಚು, ಬಿಳಿ ಒಂದೂಕಾಲು, ನಡುಚೌಕ ಅರ್ಧ: ಆರು ಸುತ್ತಿಗೆ ಸರಿಯಾಗಿ 11 ಇಂಚು. ಓರೆಯಲ್ಲಿ 10.96! ಹಾಳೆ ಹಿಡಿದುಕೊಂಡು ಅಡುಗೆಮನೆಗೆ ಓಡಿದೆ. ಅವ್ವ ಬಹಳ ಹೊತ್ತು ನೋಡಿ, "ಎಲ್ಲೂ ಗುಂಡಗ ಹೊಲಿಯೂದಿಲ್ಲ ಅಂತೀದಿ, ಮತ್ತ ಗುಂಡಗ ಹ್ಯಾಂಗ ಬಂತ ಇದು?" ಅಂದಳು.

ವೃತ್ತ ಅನ್ನುವುದಕ್ಕಿಂತ ಅದು ಎಂಟು ಮೂಲೆಯ ಆಕಾರ, ಅದರ ಪ್ರತಿ ಬದಿಯೂ ಸಣ್ಣ ಸಣ್ಣ ಮೆಟ್ಟಿಲು. ಐದಾರು ಅಡಿ ದೂರ ನಿಂತರೆ ಕಣ್ಣು ಆ ಮೆಟ್ಟಿಲುಗಳನ್ನು ತಾನೇ ಸವರಿಕೊಳ್ಳುತ್ತದೆ. ಅದಕ್ಕಾಗಿ ಬಿಳಿ-ನೀಲಿಯ ನಡುವೆ ವ್ಯತ್ಯಾಸ ಗಟ್ಟಿಯಾಗಿರಬೇಕು, ಬಿಳಿಬಿಳಿಯ ನಡುವೆ ಬಹಳ ಕಡಿಮೆ. ಕಲೆಯಿದ್ದ ಭಾಗವನ್ನೆಲ್ಲ ತೆಗೆದುಬಿಟ್ಟೆ.

ಮೂರನೇ ವಾರ

ಎರಡು ಕಡೆ ಕಾಲಿಂಚು ಹೊಲಿಗೆಗೆ ಬಿಟ್ಟು, ನೀಲಿಯನ್ನು 1 ಇಂಚಿಗೆ, ಬಿಳಿಯನ್ನು 1¾ ಇಂಚಿಗೆ ಕತ್ತರಿಸಿದೆ. ಹಾಸಿನ, ಅಂದರೆ ನೇಯ್ಗೆಯ ಉದ್ದ ಎಳೆಗಳ, ಉದ್ದಕ್ಕೇ ಕತ್ತರಿಸಿದರೆ ಪಟ್ಟಿ ಕಡಿಮೆ ಜಗ್ಗುತ್ತದೆ. ಖಣ ಮಾತ್ರ ಕತ್ತರಿ ತಾಗುತ್ತಲೇ ಎಳೆಎಳೆ ಬಿಡತೊಡಗಿತು. ಹಿಂದೆ ಇಸ್ತ್ರಿಗೆ ಅಂಟುವ ತೆಳು ಕ್ಯಾನ್ವಾಸ್ ಹಚ್ಚಿ ಆಮೇಲೆ ಕತ್ತರಿಸಿದೆ.

ಮೊದಲ ತುಂಡು ಮುಗಿಸಿ ಅಳೆದಾಗ, ಹೊರ ಅಂಚಿನ ಹೊಲಿಗೆಗೆ ಬಿಟ್ಟದ್ದೂ ಸೇರಿ 11½ ಇರಬೇಕಾದದ್ದು 10¾ ಇತ್ತು. ತುಂಬ ನೋವಾಯಿತು, ಒಂದು ಸಂಜೆಯೆಲ್ಲ ಕೂತು ಹೊಲಿದದ್ದು. ಆದರೆ ತಪ್ಪು ಎಲ್ಲಿದೆ ಅಂತ ಲೆಕ್ಕವೇ ಹೇಳಿತು. ತುಂಡಿನ ಅಡ್ಡಕ್ಕೆ 12 ಹೊಲಿಗೆ ಬರುತ್ತವೆ. ಒಂದೊಂದರಲ್ಲೂ ಒಂದು ಮಿಲಿಮೀಟರಿಗಿಂತ ಕಡಿಮೆ ಒಳಗೆ ಸರಿದಿದ್ದೆ, ಅದು ಎರಡೂ ಬಟ್ಟೆಯನ್ನು ತಿನ್ನುವುದರಿಂದ ಒಟ್ಟು ಮುಕ್ಕಾಲು ಇಂಚು ಹೋಯಿತು. ಅಳತೆಯೊಂದೇ ಆಗಿದ್ದರೆ ಸಹಿಸಬಹುದಿತ್ತು. ಕಿರಿದಾದ ಪಟ್ಟಿಗೆ ಪೆಟ್ಟು ಹೆಚ್ಚು ಬೀಳುವುದರಿಂದ ಎರಡೂವರೆ ಪಟ್ಟು 2.7ರ ಹತ್ತಿರ ಹೋಗಿ ಬಾಗೇ ಬದಲಾಗಿತ್ತು.

ನಮ್ಮ ಹೊಲಿಗೆ ಯಂತ್ರದಲ್ಲಿ ಬಟ್ಟೆಯನ್ನು ಒತ್ತಿ ಹಿಡಿಯುವ ಫೂಟಿನ ಅಂಚು ಕಾಲಿಂಚಿಗೆ ನಿಲ್ಲುವುದಿಲ್ಲ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದವನ್ನು ನಾಲ್ಕು ಪದರ ಮಡಿಚಿ, ಸೂಜಿಯಿಂದ ಕಾಲಿಂಚಿಗೆ ಒಂದೆಳೆ ಕಡಿಮೆ ಬರುವಂತೆ ಅಳೆದು ತಟ್ಟೆಗೆ ಅಂಟಿಸಿದೆ. ಆ ಒಂದೆಳೆ ಬಟ್ಟೆ ಮಡಚುವಲ್ಲಿ ಹೋಗುತ್ತದೆ. ಈಗ ಬಟ್ಟೆಯ ಅಂಚು ಕಾಗದದ ಗೋಡೆಗೆ ತಾಗಿಕೊಂಡೇ ಓಡುತ್ತದೆ. ಪ್ರತಿ ಪಟ್ಟಿ ಹೊಲಿದ ಮೇಲೆ ಇಸ್ತ್ರಿ ಕಡ್ಡಾಯ, ಅದೂ ಉಜ್ಜದೆ, ಒತ್ತಿ ಎತ್ತಬೇಕು. ಎರಡನೇ ತುಂಡು ಹನ್ನೊಂದೂವರೆಗೆ ಸರಿಯಾಗಿ ಬಂತು.

ಎಂಟನೇ ವಾರ

ನಡುವಿನ ವಾರಗಳಲ್ಲಿ ಬರೆಯುವಂಥದ್ದು ಇಲ್ಲ, ಬರೀ ಹೊಲಿಗೆ. 16 ತುಂಡು, ತುಂಡಿಗೆ 24 ಪಟ್ಟಿ, ಒಟ್ಟು 384.

ನಿನ್ನೆ ಎಲ್ಲ ಜೋಡಿಸಿ ಪಡಸಾಲೆಯ ಗೋಡೆಗೆ ಹಿಡಿದೆವು. 44 ಇಂಚಿನ ಚೌಕದಲ್ಲಿ 22 ಇಂಚಿನ ನಾಲ್ಕು ಚಂದ್ರ. ಅವುಗಳ ನಡುವೆ, ನೀಲಿ ಮೂಲೆಗಳು ಸೇರುವಲ್ಲಿ, ಬದಿಗಳು ಒಳಬಾಗಿದ ನಾಲ್ಕು ಮೂಲೆಯ ನಕ್ಷತ್ರವೊಂದು ಮೂಡಿದೆ. ಗ್ರಾಫ್ ಹಾಳೆಯಲ್ಲೂ ಅದು ಇದ್ದಿರಬೇಕು, ನಾನು ಕಂಡಿರಲಿಲ್ಲ. ನನಗೀಗ ಚಂದ್ರನಿಗಿಂತ ಅದೇ ಹೆಚ್ಚು ಇಷ್ಟ.

ಒಂಬತ್ತನೇ ವಾರ

ಒಳಗೆ ಹತ್ತಿ ತುಂಬುತ್ತಿಲ್ಲ. ಅರ್ಧ ಇಂಚಿನ ನೀಲಿ ಪಟ್ಟಿಯ ಕೆಳಗೆ ಹೊಲಿಗೆಯ ಅಂಚುಗಳೇ ಮಡಚಿ ಕೂತು ಅರ್ಧ ಭಾಗ ಮೂರು ಪದರ ಆಗಿದೆ. ಅಸ್ತರಿಗೆ ಅವ್ವನ ಮೆತ್ತನೆಯ ಸೀರೆ ಎರಡು ಪದರ ಸಾಕು.

ಕೈಹೊಲಿಗೆ ಹೇಗೆ ಓಡಿಸಬೇಕು ಅನ್ನುವುದಕ್ಕೆ ಮನೆಯಲ್ಲಿ ಎರಡು ದಿನ ಮಾತಾಯಿತು. ಚಂದ್ರನ ಸುತ್ತ ದುಂಡಗೆ ಟಾಕಿ ಹಾಕೋಣ ಅಂತ ಅವ್ವ. ನೇರ ಹೊಲಿಗೆಯೊಂದೇ ಅಂತ ಹಿಡಿದ ಹಟ ಇಲ್ಲಿಗೆ ಬಂದು ಬಿಡಲು ನನಗೆ ಮನಸ್ಸಿಲ್ಲ. ಕೊನೆಗೆ ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕೌದಿ ನೆನಪಾಯಿತು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಅವರು ಹೊರಗಿನ ಅಂಚಿನಿಂದ ಶುರುಮಾಡಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ಪುಟ್ಟ ಹೂವು, ಫುಲಾ, ಇಲ್ಲದಿದ್ದರೆ ಕೌದಿ ಬೆತ್ತಲೆ ಅನ್ನುತ್ತಾರೆ. ನನ್ನ ತುಂಡುಗಳು ಒಳಗಿನಿಂದ ಹೊರಕ್ಕೆ ಬೆಳೆದವು, ಟಾಕಿ ಹೊರಗಿನಿಂದ ಒಳಕ್ಕೆ ಬರಲಿ. ಅವ್ವನೂ ಒಪ್ಪಿದಳು, ಫುಲಾಕ್ಕೆ ಉಳಿದ ಖಣ ತಾನೇ ಎತ್ತಿಟ್ಟಳು.

ಇವತ್ತು ಮೊದಲ ಸುತ್ತು ಮುಗಿಯಿತು. ಒಂದು ಅಂಚು ನನ್ನ ತೊಡೆಯ ಮೇಲೆ, ಎದುರಿನದು ಅವ್ವನ ತೊಡೆಯ ಮೇಲೆ. ಎರಡನೇ ಸುತ್ತಿಗೆ ದಾರ ಪೋಣಿಸಿ ಇಟ್ಟಿದ್ದೇನೆ.