ಅಪ್ಪಯ್ಯನ ಮಳೆ ಲೆಕ್ಕ ಊರು ಬದಲಿಸಿದ ವರ್ಷ

ನಮ್ಮ ಮನೆಯಲ್ಲಿ ಆ ವರ್ಷದ ಲೆಕ್ಕ ಯುಗಾದಿಯಿಂದ ಶುರುವಾಗುವುದಿಲ್ಲ, 2024ರ ಜುಲೈ 15ರ ಬೆಳಿಗ್ಗೆ ಎಂಟೂವರೆ ಗಂಟೆಯಿಂದ ಶುರುವಾಗುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಊರಿನಲ್ಲಿ ಪುನರ್ವಸು ಮಳೆ ಮೂರು ದಿನದಿಂದ ಬಿಡದೆ ಹೊಯ್ಯುತ್ತಿತ್ತು. ಅಪ್ಪಯ್ಯ ಎಂದಿನಂತೆ ಅಂಗಳದ ಆಚೆ ತುದಿಯಲ್ಲಿದ್ದ ಮಳೆಮಾಪಕದ ನೀರು ಅಳೆಯಲು ಹೊರಟವರು, ಅಡಿಕೆ ಸೋಗೆ ಹಾಸಿದ್ದ ದಾರಿಯನ್ನು ಬಿಟ್ಟು ಹತ್ತಿರವಾಗುತ್ತದೆಂದು ಅಡ್ಡ ಹಾಯ್ದು, ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲಿಟ್ಟು ಜಾರಿ ಬಿದ್ದರು. ಅವರಿಗೆ ಆಗ ಎಪ್ಪತ್ತನಾಲ್ಕು ವರ್ಷ. ಆ ಅಂಗಳದಲ್ಲಿ ಎಲ್ಲಿ ಪಾಚಿ ಕಟ್ಟುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಮಳೆಗಾಲ ಬಂತೆಂದರೆ ನಮಗೆಲ್ಲ ಅಲ್ಲಿ ಕಾಲಿಡಬೇಡಿ ಎಂದು ಗದರುತ್ತಿದ್ದವರೂ ಅವರೇ.

ಮಲೆನಾಡಿನ ತೋಟಗಾರರಲ್ಲಿ ಮಳೆ ಬರೆದಿಡುವ ಅಭ್ಯಾಸ ಹೊಸತೇನಲ್ಲ. ಮದುವೆ ಮನೆಯಲ್ಲಿ ಸಿಕ್ಕವರು ಸಹ ಕುಶಲ ಕೇಳುವ ಮೊದಲು "ನಿಮ್ಮಲ್ಲಿ ಎಷ್ಟಾಯ್ತು?" ಎಂದು ಕೇಳುತ್ತಾರೆ, ಉತ್ತರ ಇಂಚು ಮತ್ತು ಸೆಂಟಿನಲ್ಲಿ, ಅಂದರೆ ಇಂಚಿನ ನೂರನೆಯ ಒಂದು ಪಾಲಿನಲ್ಲಿ, ಬರುತ್ತದೆ. ಅಪ್ಪಯ್ಯ 1991ರಿಂದ ಒಂದು ದಿನವೂ ಬಿಡದೆ ಬರೆದಿದ್ದರು. ಹವಾಮಾನ ಇಲಾಖೆಯವರು ಬೆಳಿಗ್ಗೆ ಎಂಟೂವರೆಗೆ ಅಳೆಯುತ್ತಾರೆಂಬ ಕಾರಣಕ್ಕೆ ಇವರೂ ಎಂಟೂವರೆಗೇ ಅಳೆಯುವುದು. ಎಂಟೂಕಾಲಿಗೆ ಅಳೆದರೆ ಪ್ರಪಂಚ ಮುಳುಗುವುದಿಲ್ಲ ಎಂದು ನಾನು ಒಮ್ಮೆ ಹೇಳಿ ಬೈಸಿಕೊಂಡಿದ್ದೇನೆ.

ಎದುರು ತೋಟದವರು ಬಂದು ಅವರನ್ನು ಎತ್ತಿ ಜಗಲಿಯ ಮೇಲೆ ಮಲಗಿಸಿದಾಗ ಬಲಗಾಲು ಹೊರಕ್ಕೆ ತಿರುಗಿ ಗಿಡ್ಡವಾದಂತೆ ಕಾಣುತ್ತಿತ್ತಂತೆ. ಜೀಪು ಬರುವ ತನಕ ಅಪ್ಪಯ್ಯ ಹಲ್ಲು ಕಚ್ಚಿಕೊಂಡು ಅಮ್ಮನಿಗೆ ಹೇಳಿದ್ದು ಒಂದೇ ಮಾತು, ಮೊದಲು ಹೋಗಿ ನೀರು ಅಳೆದು ಬಾ ಎಂದು. "ಸೊಂಟ ಮುರ್ಕೊಂಡು ಬಿದ್ದೀರಿ, ಮಳೆ ಎಷ್ಟಾತು ಅಂತ ಕೇಳ್ತೀರಲ್ಲ ಮಾರಾಯ್ರೆ" ಎಂದು ಬೈಯುತ್ತಲೇ ಅಮ್ಮ ಹೋಗಿ ಅಳೆದು ಬಂದರು. ಆ ದಿನದ ಸಾಲು ಪುಸ್ತಕದಲ್ಲಿ ಅಮ್ಮನ ಅಕ್ಷರದಲ್ಲಿದೆ: ಐದು ಇಂಚು ನಲವತ್ತು ಸೆಂಟು. ಅದರ ಕೆಳಗಿನ ಸಾಲುಗಳು ಬಹಳ ದಿನ ಖಾಲಿ.

ತೀರ್ಥಹಳ್ಳಿಯಲ್ಲಿ ಎಕ್ಸ್‌ರೇ ತೆಗೆದು, ತೊಡೆಮೂಳೆಯ ಕತ್ತು ಮುರಿದಿದೆ, ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಎಂದರು. ಸುಮಾರು ಅರವತ್ತು ಕಿಲೋಮೀಟರ್ ದಾರಿ. ನಾನು ಶಿವಮೊಗ್ಗದಿಂದ ಹೊರಟು ತೀರ್ಥಹಳ್ಳಿ ತಲುಪಿ ಆಂಬುಲೆನ್ಸಿನಲ್ಲಿ ಅವರ ತಲೆಯ ಬಳಿ ಕುಳಿತೆ. ಮಲಗಿದವರಿಗೆ ಕಿಟಕಿಯಾಚೆ ಏನೂ ಕಾಣದು. ಆದರೂ ದಾರಿಯ ತಿರುವುಗಳ ಲೆಕ್ಕದಲ್ಲೇ ಮಂಡಗದ್ದೆ ಬಂತೆಂದು ತಿಳಿದು, ಹಕ್ಕಿ ಕೂರುವ ಮರಗಳು ಎಷ್ಟು ಮುಳುಗಿವೆ ನೋಡು ಎಂದರು. ತುಂಗೆಯ ನಡುಗಡ್ಡೆಯ ಮರಗಳು ಸೊಂಟದವರೆಗೆ ಕೆಂಪು ನೀರಿನಲ್ಲಿ ನಿಂತಿದ್ದವು, ಮೇಲಿನ ಟೊಂಗೆಗಳಲ್ಲಿ ಬೆಳ್ಳಕ್ಕಿಗಳು ಗೂಡು ಬಿಡದೆ ನೆನೆಯುತ್ತಿದ್ದವು. ಅರ್ಧ ಮುಳುಗಿವೆ ಎಂದೆ. ಅಷ್ಟು ಸಾಕಾಯಿತು ಅವರಿಗೆ, ಗಾಜನೂರಿನವರೆಗೆ ಮತ್ತೆ ಮಾತಾಡಲಿಲ್ಲ.

ಮೂಳೆ ತಜ್ಞರು ವಿವರಿಸಿದ್ದು ಹೀಗೆ. ತೊಡೆಮೂಳೆಯ ತುದಿಯಲ್ಲಿರುವ ಗುಂಡು ಭಾಗಕ್ಕೆ ರಕ್ತ ಹೋಗುವ ದಾರಿ ಆ ಕತ್ತಿನ ಮೂಲಕವೇ ಇರುವುದರಿಂದ, ಅಲ್ಲಿ ಮುರಿದರೆ ವಯಸ್ಸಾದವರಲ್ಲಿ ಜೋಡಿಸಿದರೂ ಕೂಡಿಕೊಳ್ಳುವ ಭರವಸೆ ಕಡಿಮೆ. ಆದ್ದರಿಂದ ಗುಂಡನ್ನೇ ತೆಗೆದು ಲೋಹದ್ದನ್ನು ಕೂರಿಸುತ್ತಾರೆ. ಹಾಗೆ ಮಾಡಿದರೆ ಮರುದಿನವೋ ಅದರ ಮರುದಿನವೋ ಎಬ್ಬಿಸಿ ನಿಲ್ಲಿಸಬಹುದು, ಹಾಸಿಗೆ ಹಿಡಿದು ಎದೆಯಲ್ಲಿ ಕಫ ಕಟ್ಟುವುದು, ಬೆನ್ನು ಹುಣ್ಣಾಗುವುದು ತಪ್ಪುತ್ತದೆ. ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆ ಇದೆಯೆಂಬುದು ಅಲ್ಲಿಯೇ ಮೊದಲ ಸಲ ಗೊತ್ತಾದದ್ದರಿಂದ ಅದನ್ನು ಹತೋಟಿಗೆ ತಂದು 18ರಂದು ಶಸ್ತ್ರಚಿಕಿತ್ಸೆ ಮಾಡಿದರು. ವಿಮೆಯ ವಿಚಾರ ಬರೆಯಹೊರಟರೆ ಇನ್ನೊಂದು ಬರಹವೇ ಆಗುತ್ತದೆ. ಬಂದದ್ದು ಕಟ್ಟಿದ್ದಕ್ಕಿಂತ ಬಹಳ ಕಡಿಮೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ನಿಜವಾದ ತೊಡಕು ಎದುರಾದದ್ದು ಮನೆಗೆ ಕಳುಹಿಸುವ ಮಾತು ಬಂದಾಗ. ನೆಲದ ಮೇಲೆ ಕೂರಬಾರದು, ಚಕ್ಕಳಮಕ್ಕಳ ಹಾಕಬಾರದು, ಕುಕ್ಕರುಗಾಲಲ್ಲಿ ಕೂರುವ ಪಾಯಿಖಾನೆ ಬಳಸಬಾರದು, ಮೆಟ್ಟಿಲು ಸದ್ಯಕ್ಕೆ ಬೇಡ. ಊರಿನ ಮನೆಯಲ್ಲಿ ಬಚ್ಚಲಿಗೆ ಹೋಗಲೂ ನಾಲ್ಕು ಮೆಟ್ಟಿಲು ಇಳಿಯಬೇಕು. ನಾವಿದ್ದದ್ದು ಶಿವಮೊಗ್ಗದ ವಿನೋಬನಗರದಲ್ಲಿ ಎರಡನೆಯ ಮಹಡಿಯ ಬಾಡಿಗೆ ಮನೆ, ಲಿಫ್ಟ್ ಇಲ್ಲ. ಹೀಗಾಗಿ ಒಂದು ವಾರದೊಳಗೆ ನೆಲಮಟ್ಟದ ಮನೆಯೊಂದನ್ನು ಹುಡುಕಬೇಕಾಯಿತು, ಅದೂ ಆಷಾಢದಲ್ಲಿ.

ಆಷಾಢದಲ್ಲಿ ಮನೆ ಬದಲಾಯಿಸುವುದೆಂದರೆ ನಮ್ಮ ಕಡೆ ಯಾರೂ ಒಪ್ಪುವುದಿಲ್ಲ. ಅಮ್ಮನೂ ಒಪ್ಪಲಾರರೆಂದು ನಾನು ಅಂಜಿದ್ದೆ. ಆದರೆ ಅವರು ವಾರ್ಡಿನ ಬೆಂಚಿನ ಮೇಲೆ ಕುಳಿತು ಸ್ವಲ್ಪ ಯೋಚಿಸಿ, "ಆಸ್ಪತ್ರೆಯಿಂದ ಬರೋರಿಗೆ ಎಂಥ ಮುಹೂರ್ತ, ಶ್ರಾವಣದಲ್ಲಿ ಹಾಲು ಉಕ್ಕಿಸಿದ್ರಾತು, ಈಗ ಸುಮ್ನೆ ಹೋಗಿ ಕೂರಾಣ" ಎಂದು ಶಾಸ್ತ್ರವನ್ನು ತಾವೇ ತಿದ್ದಿದರು. ಆಷಾಢದಿಂದ ಒಂದು ಲಾಭವೂ ಆಯಿತು. ಆ ತಿಂಗಳಲ್ಲಿ ಮನೆ ಕೇಳಿಕೊಂಡು ಬರುವವರೇ ಇರುವುದಿಲ್ಲವಾದ್ದರಿಂದ ಗೋಪಾಳ ಬಡಾವಣೆಯ ಮನೆಯ ಮಾಲೀಕರು ಮುಂಗಡದಲ್ಲಿ ಎರಡು ತಿಂಗಳ ಬಾಡಿಗೆಯಷ್ಟು ಇಳಿಸಿದರು. 23ರಂದು ಜಡಿಮಳೆಯಲ್ಲೇ ಟಾರ್ಪಾಲು ಹೊದಿಸಿದ ಗಾಡಿಯಲ್ಲಿ ಸಾಮಾನು ಸಾಗಿಸಿದೆವು. ಪುಸ್ತಕದ ಎರಡು ಪೆಟ್ಟಿಗೆಗಳು ನೆನೆದು ಉಬ್ಬಿದವು, ಉಳಿದದ್ದೆಲ್ಲ ಪಾರಾಯಿತು. ಮರುದಿನ ಅಪ್ಪಯ್ಯ ವಾಕರ್ ಹಿಡಿದು ಹೊಸ ಮನೆಯ ಹೊಸ್ತಿಲು ದಾಟಿದರು. ಆ ಹೊತ್ತಿಗೆ ತುಂಗೆಯಲ್ಲಿ ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿತ್ತು. ಊರಿಗೆ ಊರೇ ಸೇತುವೆಯ ಬಳಿ ನಿಂತು ನೋಡುತ್ತಿದ್ದರೂ ನಮ್ಮ ಮನೆಯಿಂದ ಯಾರಿಗೂ ಹೋಗಲು ಬಿಡುವಾಗಲಿಲ್ಲ.

ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಫಿಸಿಯೋಥೆರಪಿಯ ಹುಡುಗನಿಗೂ ಅಪ್ಪಯ್ಯನಿಗೂ ಮೊದಲ ದಿನದಿಂದಲೇ ಆಗಿಬರಲಿಲ್ಲ. ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ಸುಮ್ಮನೆ ನಡೆಯುವುದು ಅವರಿಗೆ ಅವಮಾನದಂತೆ ತೋರುತ್ತಿತ್ತು. ಕೆಲಸವಿಲ್ಲದೆ ಮನುಷ್ಯ ಯಾಕೆ ನಡೆಯಬೇಕು ಎಂಬುದು ಅವರ ಪ್ರಶ್ನೆ. ಬೆಳಿಗ್ಗೆ ಎಂಟೂವರೆಯಾದರೆ ಕಿಟಕಿಯತ್ತ ಮುಖ ಮಾಡಿ ಕೂರುತ್ತಿದ್ದರು. ಮಳೆಮಾಪಕ ಊರಲ್ಲೇ ಉಳಿದಿತ್ತು. ಸೊಂಟ ಮುರಿದ ಆ ಸಾಮಾನು ಈ ಮನೆಗೆ ಬರಕೂಡದೆಂದು ಅಮ್ಮ ತಾಕೀತು ಮಾಡಿದ್ದರು. ಅದರ ಬದಲಿಗೆ ಬಂದದ್ದು ಬಚ್ಚಲಮನೆಯ ತಾಮ್ರದ ಹಂಡೆ. ಗೀಸರ್ ಇರುವ ಮನೆಗೆ ಹಂಡೆ ಯಾಕೆಂದು ಕೇಳುವ ಧೈರ್ಯ ನನ್ನ ಹೆಂಡತಿಗೂ ಇರಲಿಲ್ಲ, ನನಗೂ ಇರಲಿಲ್ಲ.

ದಾರಿ ತೋರಿಸಿದವಳು ಏಳನೆಯ ತರಗತಿಯಲ್ಲಿದ್ದ ಮಗಳು. ಶಾಲೆಗೆ ಮಳೆ ರಜೆ ಕೊಟ್ಟ ದಿನ ಅಜ್ಜಯ್ಯನ ಪಕ್ಕ ಕುಳಿತು, ಮಳೆಮಾಪಕವನ್ನು ನಾವೇ ಮಾಡಲು ಬರುವುದಿಲ್ಲವೇ ಎಂದು ಕೇಳಿದಳು. ಗೋಡೆ ನೆಟ್ಟಗಿದ್ದು ತಳ ಚಪ್ಪಟೆಯಾಗಿರುವ ಯಾವ ಡಬ್ಬಿಯಾದರೂ ಆಗುತ್ತದೆ, ಒಳಗೆ ನಿಂತ ನೀರಿನ ಎತ್ತರವೇ ಮಳೆಯ ಅಳತೆ, ಬಾಯಿ ದೊಡ್ಡದಿದ್ದರೂ ಚಿಕ್ಕದಿದ್ದರೂ ಲೆಕ್ಕ ಒಂದೇ ಎಂದು ಅಪ್ಪಯ್ಯ ವಿವರಿಸಿದರು. ಅಂಗಡಿಯ ಮಾಪಕದಲ್ಲಿ ಆಲಿಕೆಗಿಂತ ಅಳತೆಯ ಗಾಜು ಸಪೂರವಾಗಿರುವುದು ಸಣ್ಣ ಮಳೆಯೂ ದೊಡ್ಡದಾಗಿ ಕಂಡು ಸೆಂಟು ಓದಲು ಸುಲಭವಾಗಲೆಂದು ಅಷ್ಟೇ. ಅವಳು ಅಡುಗೆಮನೆಯಿಂದ ಅವಲಕ್ಕಿಯ ಸ್ಟೀಲ್ ಡಬ್ಬಿಯನ್ನು ಖಾಲಿ ಮಾಡಿ ತಂದಳು, ಜಾಮೆಟ್ರಿ ಪೆಟ್ಟಿಗೆಯಿಂದ ಸ್ಕೇಲು ಬಂತು. ಇನ್ನು ಜಾಗ. ಗೋಡೆಯೋ ಮರವೋ ಎಷ್ಟು ಎತ್ತರವಿದೆಯೋ ಅದರ ಎರಡರಷ್ಟು ದೂರದಲ್ಲಿ ಮಾಪಕ ಇರಬೇಕೆಂದು ಅಪ್ಪಯ್ಯನ ಕಟ್ಟುನಿಟ್ಟು, ನಮ್ಮ ಕಾಂಪೌಂಡಿನಲ್ಲಿ ಅಂಥ ಜಾಗವೇ ಇಲ್ಲ. ಕೊನೆಗೆ ಪಕ್ಕದ ಖಾಲಿ ನಿವೇಶನದವರನ್ನು ಕೇಳಿ, ಕಾಂಗ್ರೆಸ್ ಗಿಡ ಕಿತ್ತು, ನಡುವೆ ಮೂರು ಇಟ್ಟಿಗೆಯ ಮೇಲೆ ಡಬ್ಬಿ ಕೂರಿಸಿದೆವು. ನಿವೇಶನದವರು ಏನೋ ವಾಸ್ತು ಪರಿಹಾರವಿರಬೇಕೆಂದುಕೊಂಡರೇ ಹೊರತು ಬೇಡವೆನ್ನಲಿಲ್ಲ.

ಮೊದಲ ತಿಂಗಳು ಮಗಳು ಅಳೆದು ಬಂದು ಹೇಳಿದ್ದನ್ನು ಅಪ್ಪಯ್ಯ ಬರೆದರು. ಆಗಸ್ಟ್ ಕೊನೆಯಲ್ಲಿ ಒಂದು ಬೆಳಿಗ್ಗೆ, ಸ್ಕೇಲನ್ನು ಓರೆ ಹಿಡಿದು ಓದುತ್ತೀಯೆಂದು ಅವಳ ಮೇಲೆ ಆರೋಪ ಹೊರಿಸಿ, ಅದನ್ನು ಸಾಬೀತುಪಡಿಸಲು ತಾವೇ ವಾಕರ್ ಹಿಡಿದು ಹೊರಟರು. ಗೇಟಿನಿಂದ ಡಬ್ಬಿಗೆ ನಲವತ್ತೆರಡು ಹೆಜ್ಜೆ. ಮಗಳು ಎಣಿಸಿದ್ದಾಳೆ. ಫಿಸಿಯೋಥೆರಪಿಯ ಹುಡುಗ ಇನ್ನು ತಾನು ಬರುವ ಅಗತ್ಯವಿಲ್ಲವೆಂದು ನಗುತ್ತಾ ಹೇಳಿ ಹೋದ.

ಸೆಪ್ಟೆಂಬರ್ ಎರಡನೆಯ ವಾರ ಮಗಳಿಗೆ ಜ್ವರ ಬಂತು. ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ ಆಗಿನ್ನೂ ಹೆಚ್ಚು ದಿನವಾಗಿರಲಿಲ್ಲವಾದ್ದರಿಂದ ಎರಡನೆಯ ದಿನವೇ ರಕ್ತ ಪರೀಕ್ಷೆ ಮಾಡಿಸಿದೆವು, ಡೆಂಗಿಯೇ ಆಗಿತ್ತು. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಕೊಡಬೇಡಿ, ಜ್ವರ ಇಳಿದಾಗಲೇ ಹೆಚ್ಚು ಎಚ್ಚರದಿಂದಿರಿ, ಹೊಟ್ಟೆನೋವು, ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಕೂಡಲೇ ಬನ್ನಿ ಎಂದು ವೈದ್ಯರು ಹೇಳಿದರು. ಪ್ಲೇಟ್‌ಲೆಟ್ ಒಂದು ಹಂತದಲ್ಲಿ 42 ಸಾವಿರಕ್ಕೆ ಇಳಿದಾಗ ನಮಗೆ ಕೈಕಾಲು ಆಡಲಿಲ್ಲ. ರಕ್ತಸ್ರಾವವಿಲ್ಲದಿದ್ದರೆ ಬರೀ ಅಂಕಿ ನೋಡಿ ಪ್ಲೇಟ್‌ಲೆಟ್ ಕೊಡುವುದಿಲ್ಲ ಎಂದು ವೈದ್ಯರು ಸಮಾಧಾನ ಹೇಳಿದರು. ಎದುರು ಮನೆಯವರು ಪಪ್ಪಾಯಿ ಎಲೆಯ ರಸ ತಂದುಕೊಟ್ಟರು. ಕುಡಿಸಬೇಕೆಂದು ಅಮ್ಮ, ಕೂಡದೆಂದು ನನ್ನ ಹೆಂಡತಿ, ನಡುವೆ ನಾನು. ಹುಡುಗಿ ಮಾತ್ರ ಲೋಟವನ್ನು ಮೂಸಿ ನೋಡಿ, ಅಜ್ಜಿ ಆಚೆ ಹೋದಾಗ ತುಳಸಿ ಕಟ್ಟೆಗೆ ಸುರಿದು ಜಗಳ ಬಗೆಹರಿಸಿದ್ದಳೆಂದು ಆಮೇಲೆ ತಿಳಿಯಿತು.

ಅವಳು ಚೇತರಿಸಿಕೊಳ್ಳುತ್ತಿದ್ದಾಗ ಆಶಾ ಕಾರ್ಯಕರ್ತೆಯೊಬ್ಬರು ಲಾರ್ವಾ ಹುಡುಕಲು ಬಂದರು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲು ಕಚ್ಚುವಂಥದ್ದು, ಮೊಟ್ಟೆಯಿಡುವುದು ಮನೆಯ ಸುತ್ತ ನಿಂತ ತಿಳಿನೀರಿನಲ್ಲಿ. ಅವರು ಡ್ರಮ್ಮು, ಫ್ರಿಜ್ಜಿನ ಹಿಂದಿನ ತಟ್ಟೆ, ಹಂಡೆ, ಎಲ್ಲಕ್ಕೂ ಟಾರ್ಚು ಬಿಟ್ಟು ನೋಡಿ ಕೊನೆಗೆ ನಿವೇಶನದಲ್ಲಿದ್ದ ಡಬ್ಬಿಯತ್ತ ಹೋದಾಗ ಅಪ್ಪಯ್ಯ ವಾಕರ್ ಊರುತ್ತಾ ಹಿಂದೆಯೇ ಹೋಗಿ, "ಅದನ್ನು ದಿನಾ ಬೆಳಿಗ್ಗೆ ಖಾಲಿ ಮಾಡ್ತೇವೆ, ದಾಖಲೆ ಇದೆ" ಎಂದು ಪುಸ್ತಕ ತೋರಿಸಿದರು. ಡಬ್ಬಿ ನಿರ್ದೋಷಿಯೇ. ಹುಳು ಸಿಕ್ಕಿದ್ದು ಅಮ್ಮನ ಒಂದೆಲಗದ ಕುಂಡದ ಕೆಳಗಿನ ತಟ್ಟೆಯಲ್ಲಿ. ಹೊಸ ಮನೆಗೆ ಬಂದ ವಾರದಲ್ಲೇ ಹಳೆಯ ಪೇಂಟ್ ಬಕೆಟ್ಟಿನಲ್ಲಿ ಊರಿನ ಬಳ್ಳಿ ನೆಟ್ಟು, ವಾರಕ್ಕೆರಡು ಸಲ ತಂಬುಳಿ ಮಾಡುವಷ್ಟು ಬೆಳೆಸಿದ್ದರು. ಮೊಮ್ಮಗಳ ಜ್ವರಕ್ಕೆ ಅದೇ ಕಾರಣವೆಂದು ಯಾರೂ ಹೇಳಲಿಲ್ಲ, ಹೇಳಲು ಬರುವುದೂ ಇಲ್ಲ, ಸೊಳ್ಳೆ ಎಲ್ಲಿಯದೋ. ಆದರೂ ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ತಟ್ಟೆ ತೆಗೆದು, ಒಣಗಿದ ಮೊಟ್ಟೆಯೂ ತಿಂಗಳುಗಟ್ಟಲೆ ಬದುಕುತ್ತದೆಂದು ಕೇಳಿ ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ತೊಳೆದು ಬಿಸಾಡಿದರು. ಬಳ್ಳಿಯನ್ನು ನೆಲಕ್ಕೇ ನೆಟ್ಟರು, ಅದು ಈಗ ಮೊದಲಿಗಿಂತ ಚೆನ್ನಾಗಿ ಹಬ್ಬಿದೆ.

ಹಂಡೆಯ ಸರದಿ ದೀಪಾವಳಿಗೆ ಬಂತು. ಅಕ್ಟೋಬರ್ 30ರ ಸಂಜೆ, ನೀರು ತುಂಬುವ ಹಬ್ಬ. ಅಮ್ಮ ಹುಣಸೆಹಣ್ಣು ಹಚ್ಚಿ ಹಂಡೆಯನ್ನು ಬೆಳಗಿ, ಊರಿನಿಂದ ತರಿಸಿದ ಹಿಂಡ್ಲೆ ಬಳ್ಳಿ ಸುತ್ತಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹಿತ್ತಿಲಲ್ಲಿ ಕಲ್ಲು ಹೂಡಿ ಇಟ್ಟರು. ಬೆಳಗಿನ ಜಾವ ಅಡಿಕೆ ಸಿಪ್ಪೆಯ ಬೆಂಕಿಯ ಹೊಗೆ ಬೀದಿಗೆಲ್ಲ ಹಬ್ಬಿತು. ಹೊಗೆಯ ತಕರಾರಿಗೇ ಬಂದರೆಂದು ನಾವು ಭಾವಿಸಿದ ಮಾಲೀಕರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತು, ತಮ್ಮ ಬಾಲ್ಯದಲ್ಲಿ ಹೊಸನಗರದ ಮನೆಯಲ್ಲಿ ಹೀಗೆಯೇ ಸ್ನಾನವೆಂದು ಹೇಳಿ, ಎರಡು ಬಕೆಟ್ ನೀರು ಕೇಳಿ ಒಯ್ದರು. ಬಾಡಿಗೆ ಮನೆಯ ಮಾಲೀಕರೊಬ್ಬರು ನಮ್ಮಲ್ಲಿ ಬಂದು ಏನನ್ನಾದರೂ ಕೇಳಿ ಪಡೆದದ್ದು ನನ್ನ ನೆನಪಿನಲ್ಲಿ ಅದೊಂದೇ ಸಲ.

ಆ ವರ್ಷದ ಅಡಿಕೆಯನ್ನು ಚೇಣಿಗೆ ಕೊಟ್ಟೆವು. ಬೆಳೆಯನ್ನು ಮರದ ಮೇಲೆಯೇ ಮಾರುವುದು ಅಪ್ಪಯ್ಯನ ಜೀವಮಾನದಲ್ಲಿ ಅದೇ ಮೊದಲು. ಚೇಣಿಯವರು ಕೊಯ್ಲು ಮಾಡುವ ದಿನಗಳಲ್ಲಿ ಅಪ್ಪಯ್ಯ ಪತ್ರಿಕೆಯಲ್ಲಿ ಬರುವ ರಾಶಿ ಇಡಿ ಅಡಿಕೆಯ ದರವನ್ನು ಗಟ್ಟಿಯಾಗಿ ಓದುವುದನ್ನು ನಿಲ್ಲಿಸಿದ್ದರು. ಫೆಬ್ರವರಿಯಲ್ಲಿ ಅವರನ್ನು ಊರಿಗೆ ಕರೆದುಕೊಂಡು ಹೋದೆವು. ಮಂಗನ ಕಾಯಿಲೆಯ ಕಾಲವಾದ್ದರಿಂದ ಉಣ್ಣೆ ಕಚ್ಚದಂತೆ ಕಾಲಿಗೆಲ್ಲ ಡೆಪಾ ಎಣ್ಣೆ ಹಚ್ಚಿಕೊಂಡೇ ತೋಟಕ್ಕೆ ಇಳಿದೆವು. ಕುರ್ಚಿ ಹಾಕಿಸಿಕೊಂಡು ಅಂಗಳದಲ್ಲಿ ಕುಳಿತ ಅಪ್ಪಯ್ಯ, ಬಿದ್ದ ಕಲ್ಲನ್ನು ಬಹಳ ಹೊತ್ತು ನೋಡಿ, ಎದುರು ತೋಟದವರನ್ನು ಕರೆಸಿ ಮಳೆಮಾಪಕವನ್ನು ಅವರ ಕೈಗೆ ಕೊಟ್ಟರು. ಅವರ ಕಣದಲ್ಲಿ ಅದನ್ನು ಹೂಳಿಸಿ, ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಹೇಗೆ ಓದಬೇಕೆಂದು, ಮಳೆಯೇ ಇಲ್ಲದ ಆ ಬಿಸಿಲಿನಲ್ಲಿ, ಚೊಂಬಿನಿಂದ ನೀರು ಹೊಯ್ದು ತೋರಿಸಿಕೊಟ್ಟರು.

2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ತಲುಪಿತು, ಎಂದಿಗಿಂತ ಎಂಟು ದಿನ ಮೊದಲು. ಅಂದಿನಿಂದ ಪುಸ್ತಕದಲ್ಲಿ ಎರಡು ಅಂಕಣಗಳಿವೆ, ಊರು ಮತ್ತು ಗೋಪಾಳ. ಈಗ ಅಪ್ಪಯ್ಯ ವಾಕರ್ ಬಿಟ್ಟು ಕೋಲು ಹಿಡಿದಿದ್ದಾರೆ. ಎಂಟೂವರೆಗೆ ನಿವೇಶನಕ್ಕೆ ಹೋಗಿ ಬಂದು ಊರಿನ ಫೋನಿಗಾಗಿ ಕಾಯುತ್ತಾರೆ. ಎಂಟೂ ನಲವತ್ತಾದರೂ ಬರದಿದ್ದರೆ ತಾವೇ ಮಾಡುತ್ತಾರೆ. ಒಂದು ಇಂಚು ಮಳೆಯೆಂದರೆ ಎಕರೆಗೆ ಸುಮಾರು ಒಂದು ಲಕ್ಷ ಲೀಟರ್ ನೀರಾಗುತ್ತದೆಂದು ಮಗಳು ಲೆಕ್ಕ ಹಾಕಿ ಹೇಳಿದ ದಿನ ಅವರು ಆ ಅಂಕಿಯನ್ನು ಮೂವರಿಗೆ ಫೋನ್ ಮಾಡಿ ತಿಳಿಸಿದರು.

ಅದೇ ವರ್ಷದ ಜುಲೈ 15. ಯಾರೂ ಬಿದ್ದ ದಿನದ ಮಾತೆತ್ತಲಿಲ್ಲ. ಊರಿನಿಂದ ಮೂರು ಇಂಚು ಹತ್ತು ಸೆಂಟೆಂದು ಫೋನ್ ಬಂತು. ನಮ್ಮ ಡಬ್ಬಿಯಲ್ಲಿ ಸ್ಕೇಲಿನ ಎರಡು ಮಿಲಿಮೀಟರ್ ಗೆರೆ ಮುಳುಗುವಷ್ಟು ನೀರಿತ್ತು. ಅಪ್ಪಯ್ಯ ಮೊದಲನೆಯದನ್ನು ಬರೆದು, ಎರಡನೆಯದನ್ನು ಬರೆಯುವ ಮೊದಲು ಕನ್ನಡಕ ತೆಗೆದು ಒರೆಸುತ್ತಾ, "ಈ ಊರಲ್ಲಿ ಇದಕ್ಕೂ ಮಳೆ ಅಂತಾರಾ?" ಎಂದರು. ಎಂಟು ಸೆಂಟು, ಬರೆದುಕೊಳ್ಳಿ, ತಿಂಡಿ ಆರುತ್ತೆ ಎಂದು ಅಮ್ಮ ಒಳಗಿನಿಂದ ಕೂಗಿದರು. ಅಂದು ತಿಂಡಿಗೆ ಕಡುಬು, ಕಾಯಿಚಟ್ನಿ.