ಸಿರಿಗುವಿನ ಗೋಡೆಗಳನ್ನು ನೋಡಲು ಹೊರಟವರಿಗೆ

ಹೆಂಗಸರು ಮಣ್ಣಿನ ಗೋಡೆಗಳ ಮೇಲೆ ಬರೆಯುವ ಚಿತ್ರಗಳಿಗೆ ಹೆಸರಾದ, ಘಾನಾ ದೇಶದ ಉತ್ತರ ಅಂಚಿನಲ್ಲಿರುವ ಸಿರಿಗು ಗ್ರಾಮಕ್ಕೆ ಹೋಗಬೇಕೆಂದಿರುವವರು ರಾಜಧಾನಿ ಆಕ್ರಾದಲ್ಲಿ ಬುಟ್ಟಿಯನ್ನಾಗಲಿ ಚಿತ್ರವನ್ನಾಗಲಿ ಕೊಳ್ಳಬಾರದು. ಅಲ್ಲಿನ ಕರಕುಶಲ ಅಂಗಡಿಯೊಂದರಲ್ಲಿ ಚರ್ಮದ ಹಿಡಿಕೆಯ ಒಂದು ಬುಟ್ಟಿಗೆ ನಾನು ತೆತ್ತ ಹಣದಲ್ಲಿ, ಉತ್ತರದ ಬೋಲ್ಗಟಾಂಗ ಪಟ್ಟಣದ ಸಂತೆಯಲ್ಲಿ ಅದೇ ಅಳತೆಯ, ಅದಕ್ಕಿಂತ ಬಿಗಿಯಾಗಿ ಹೆಣೆದ ಮೂರು ಬುಟ್ಟಿಗಳು ಸಿಗುತ್ತಿದ್ದವು. ಬೆಲೆಯ ಈ ಅಂತರಕ್ಕಿಂತ ಹೆಚ್ಚಾಗಿ ನನ್ನನ್ನು ಕೆರಳಿಸಿದ್ದು, ಹಣವೆಲ್ಲ ಹಳ್ಳಿಯ ಹೆಂಗಸರಿಗೇ ಹೋಗುತ್ತದೆ ಎಂದು ಅಂಗಡಿಯವನು ಮತ್ತೆ ಮತ್ತೆ ಹೇಳಿದ್ದು. ಹೆಣೆದವರು ಯಾವ ಹಳ್ಳಿಯವರು ಎಂದು ಕೇಳಿದರೆ ಅವನಲ್ಲಿ ಉತ್ತರವಿರಲಿಲ್ಲ. ಅಲ್ಲೇ ತೂಗುಹಾಕಿದ್ದ 'ಸಿರಿಗು ಚಿತ್ರ'ಗಳಲ್ಲಿ ನೀಲಿ, ಹಸಿರು, ಕಿತ್ತಳೆ ಬಣ್ಣಗಳು ರಾಚುತ್ತಿದ್ದವು. ಸಿರಿಗುವಿನ ಹಳೆಯ ಪದ್ಧತಿಯ ಗೋಡೆಗಳಲ್ಲಿ ಇರುವುದು ಕೆಂಪು, ಕಪ್ಪು, ಬಿಳಿ ಎಂಬ ಮೂರೇ ಬಣ್ಣಗಳು ಎಂಬುದನ್ನು ಮೊದಲೇ ತಿಳಿದಿದ್ದರೆ ಇಂಥ ಅಂಗಡಿಗಳನ್ನು ಹೊರಗಿನಿಂದಲೇ ಗುರುತಿಸಬಹುದು.

ಆಕ್ರಾದಿಂದ, ಸಿರಿಗು ಇರುವ ಅಪ್ಪರ್ ಈಸ್ಟ್ ಪ್ರಾಂತ್ಯದ ಮುಖ್ಯ ಪಟ್ಟಣ ಬೋಲ್ಗಟಾಂಗಕ್ಕೆ ಸುಮಾರು 800 ಕಿಲೋಮೀಟರ್ ದೂರವಿದೆ. ಎಲ್ಲರೂ ಅದನ್ನು ಬೋಲ್ಗಾ ಎಂದೇ ಕರೆಯುತ್ತಾರೆ. ಕುಮಾಸಿ ಮತ್ತು ತಮಾಲೆಯ ಮೇಲೆ ಹೋಗುವ ರಾತ್ರಿ ಬಸ್ಸುಗಳು ದೊಡ್ಡವು, ನೋಡಲು ಚೆನ್ನಾಗಿಯೂ ಇರುತ್ತವೆ. ನಾನು ಹತ್ತಿದ ಬಸ್ಸು ಮಾತ್ರ ಹೇಳಿದ ಹೊತ್ತಿಗೆ ಹೊರಡಲಿಲ್ಲ. ಕೊನೆಯ ಸೀಟು ತುಂಬುವವರೆಗೆ ಕಾದು, ಬಳಿಕ ಸಾಮಾನನ್ನೆಲ್ಲ ಕೆಳಗಿಳಿಸಿ ತೂಗಿ, ಟಿಕೆಟ್ ಕೊಳ್ಳುವಾಗ ಯಾರೂ ಹೇಳದಿದ್ದ ಸಾಮಾನಿನ ಶುಲ್ಕವನ್ನು ರಸೀದಿಯಿಲ್ಲದೆ ವಸೂಲು ಮಾಡಿ, ಊರು ಬಿಡುವ ಹೊತ್ತಿಗೆ ಕತ್ತಲು ಗಟ್ಟಿಯಾಗಿತ್ತು. ಅದರ ಮೇಲೆ ಬೆಳಗಿನ ಜಾವದವರೆಗೂ ನನ್ನ ತಲೆಯ ಮೇಲಿನ ಪರದೆಯಲ್ಲಿ ನೈಜೀರಿಯಾದ ಚಲನಚಿತ್ರಗಳು ಪೂರ್ಣ ಧ್ವನಿಯಲ್ಲಿ ಓಡಿದವು. ಸೆಕೆಯನ್ನು, ಗುಂಡಿಗಳನ್ನು, ಮೊಣಕಾಲು ಮಡಿಸಲಾಗದ ಸೀಟನ್ನು ನಾನು ಸಹಿಸಬಲ್ಲೆ, ಆದರೆ ಗದ್ದಲವನ್ನು ಸಹಿಸಲಾರೆ. ನನ್ನಂಥವರು ಕಿವಿಗೆ ಹತ್ತಿ ಇಟ್ಟುಕೊಳ್ಳುವುದರ ಬದಲು ತಮಾಲೆಯವರೆಗೆ ವಿಮಾನದಲ್ಲಿ ಹೋಗುವುದೇ ಲೇಸು. ಹಾರಾಟ ಸುಮಾರು ಒಂದು ಗಂಟೆಯದು. ಅಲ್ಲಿಂದ ಬೋಲ್ಗಾಕ್ಕೆ ಉಳಿಯುವ 160 ಕಿಲೋಮೀಟರನ್ನು ಟ್ರೋಟ್ರೋ ಎಂಬ ಹಂಚಿಕೆಯ ವ್ಯಾನಿನಲ್ಲಿ ಹಗಲು ಹೊತ್ತಿನಲ್ಲೇ ಕ್ರಮಿಸಬಹುದು.

ಯಾವ ತಿಂಗಳಲ್ಲಿ ಹೋಗಬೇಕು ಎಂಬ ಪ್ರಶ್ನೆ ಟಿಕೆಟ್ಟಿನ ದರಕ್ಕಿಂತ ಮುಖ್ಯವಾದದ್ದು. ಉತ್ತರ ಘಾನಾದಲ್ಲಿ ವರ್ಷಕ್ಕೆ ಒಂದೇ ಮಳೆಗಾಲ, ಸ್ಥೂಲವಾಗಿ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ. ಆಗ ಹೆಂಗಸರೆಲ್ಲ ಹೊಲದಲ್ಲಿರುತ್ತಾರೆ, ಮಣ್ಣಿನ ಗೋಡೆಗೆ ಬಣ್ಣ ಬಳಿಯುವ ಮಾತೇ ಇರುವುದಿಲ್ಲ. ಗೋಡೆಯ ಕೆಲಸ ನಡೆಯುವುದು ಕೊಯ್ಲು ಮುಗಿದ ಮೇಲಿನ ಒಣ ತಿಂಗಳುಗಳಲ್ಲಿ. ಡಿಸೆಂಬರ್, ಜನವರಿಯಲ್ಲಿ ಸಹಾರಾದ ಕಡೆಯಿಂದ ಬೀಸುವ ಹರ್ಮಟಾನ್ ಗಾಳಿ ಧೂಳನ್ನು ತರುತ್ತದೆ, ತುಟಿ ಒಡೆಯುತ್ತದೆ, ಆದರೆ ಬೆಳಗುಗಳು ತಂಪಾಗಿರುತ್ತವೆ. ಮಾರ್ಚ್, ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಕೆಲಸ ನಡೆಯುವುದನ್ನು ಕಣ್ಣಾರೆ ನೋಡುವ ಆಸೆಯಿದ್ದರೆ ಧೂಳು ಅಥವಾ ಬಿಸಿಲು, ಎರಡರಲ್ಲೊಂದನ್ನು ಒಪ್ಪಿಕೊಳ್ಳಲೇಬೇಕು. ಹಳದಿ ಜ್ವರದ ಲಸಿಕೆಯನ್ನು ಹೊರಡುವ ಹತ್ತು ದಿನಗಳಿಗೆ ಮೊದಲೇ ಹಾಕಿಸಿಕೊಂಡು ಪ್ರಮಾಣಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಘಾನಾಕ್ಕೆ ಕಾಲಿಡುವಾಗ ಅದು ಎಷ್ಟು ಬೇಕೋ, ಭಾರತಕ್ಕೆ ಮರಳುವಾಗಲೂ ಅಷ್ಟೇ ಬೇಕು.

ಬೋಲ್ಗಾದಲ್ಲಿ ನಾನು ಹಿಡಿದ ಕೋಣೆಯ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಆದರೆ ಅದರ ಎದುರಿನ ರಸ್ತೆಯಂಚಿನಲ್ಲಿ ಬೆಳಗಿನ ಹೊತ್ತು ಒಲೆ ಹೂಡಿ ಕೂರುತ್ತಿದ್ದ ಹೆಂಗಸಿನ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಅವರು ಮಾರುತ್ತಿದ್ದದ್ದು ಎರಡೇ ಪದಾರ್ಥ, ಕೊಕೊ ಮತ್ತು ಕೋಸೆ. ಕೊಕೊ ಎಂದರೆ ಸಜ್ಜೆಯನ್ನು ನೆನೆಸಿ, ಶುಂಠಿ, ಲವಂಗ, ಮೆಣಸು ಸೇರಿಸಿ ರುಬ್ಬಿ, ಹುಳಿ ಬರಿಸಿ, ಸೋಸಿ ಕಾಯಿಸಿದ ತೆಳು ಗಂಜಿ. ಕೋಸೆ ಎಂದರೆ ಸಿಪ್ಪೆ ತೆಗೆದ ಅಲಸಂದೆಯನ್ನು ಈರುಳ್ಳಿ, ಮೆಣಸಿನಕಾಯಿಯೊಂದಿಗೆ ರುಬ್ಬಿ, ಗಾಳಿ ತುಂಬುವವರೆಗೆ ಕೈಯಿಂದ ಬಡಿದು, ಕಾದ ಎಣ್ಣೆಗೆ ಬಿಟ್ಟ ವಡೆ. ಹೊರಗೆ ಗರಿಗರಿ, ಒಳಗೆ ಹತ್ತಿಯಷ್ಟು ಮೃದು. ಗಂಜಿಯ ಹುಳಿ, ಶುಂಠಿಯ ಖಾರ ಮತ್ತು ಬಿಸಿ ವಡೆ ಒಂದರ ಹಿಂದೆ ಒಂದು ಗಂಟಲಿಗಿಳಿಯುವಾಗ ಹಿಂದಿನ ರಾತ್ರಿಯ ಬಸ್ಸನ್ನೂ ಕ್ಷಮಿಸುವ ಮನಸ್ಸಾಗುತ್ತದೆ. ಹೊಟ್ಟೆ ತುಂಬ ತಿಂದರೂ ಕೊಟ್ಟ ಹಣ ಬೆಂಗಳೂರಿನ ಒಂದು ಅರ್ಧ ಕಾಫಿಯ ಬೆಲೆಯನ್ನು ಮೀರಲಿಲ್ಲ. ಅಲಸಂದೆ ಮೂಲತಃ ಆಫ್ರಿಕಾದ ಕಾಳು ಎಂಬುದನ್ನು ನೆನೆದರೆ ಅದನ್ನು ಬಳಸುವ ಹದ ಅವರಿಗೆ ಒಲಿದಿರುವುದರಲ್ಲಿ ಅಚ್ಚರಿಯೇನಿಲ್ಲ. ಎಂಟು ಗಂಟೆ ದಾಟಿದರೆ ಪಾತ್ರೆ ಬರಿದಾಗುತ್ತದೆ, ಆದ್ದರಿಂದ ಬೇಗ ಏಳಿ.

ಸಸ್ಯಾಹಾರಿಗಳು ಮಧ್ಯಾಹ್ನದ ಊಟದಲ್ಲಿ ಎಚ್ಚರ ವಹಿಸಬೇಕು. ಮಾಂಸ ಬೇಡವೆಂದರೆ ಮೀನು ಬರುತ್ತದೆ, ಮೀನೂ ಬೇಡವೆಂದರೆ ಒಣ ಮೀನು ಮತ್ತು ಸೀಗಡಿಯ ಪುಡಿ ಬೆರೆತ ಶಿಟೊ ಎಂಬ ಕಪ್ಪು ಖಾರ ತಟ್ಟೆಯ ಅಂಚಿನಲ್ಲಿ ಕುಳಿತಿರುತ್ತದೆ. ಅಕ್ಕಿ ಮತ್ತು ಅಲಸಂದೆ ಸೇರಿಸಿ ಬೇಯಿಸಿದ ವಾಚೆಯನ್ನು ಮೇಲಿನ ಗೊಜ್ಜಿಲ್ಲದೆ, ಹುರಿದ ಬಾಳೆಯೊಂದಿಗೆ ಕೊಡಿ ಎಂದು ಬಿಡಿಸಿ ಹೇಳುವುದು ಸುರಕ್ಷಿತ.

ಬೋಲ್ಗಾದಲ್ಲಿ ಮೂರು ದಿನಕ್ಕೊಮ್ಮೆ ದೊಡ್ಡ ಸಂತೆ ಸೇರುತ್ತದೆ, ನಿಮ್ಮ ವೇಳಾಪಟ್ಟಿಯನ್ನು ಅದಕ್ಕೆ ಹೊಂದಿಸಿಕೊಳ್ಳಿ. ಜನಜಂಗುಳಿ ಎಂದರೆ ದೂರ ಸರಿಯುವ ನಾನು ಕೂಡ ಇಲ್ಲಿ ಅರ್ಧ ದಿನ ನಿಂತಿದ್ದಕ್ಕೆ ಕಾರಣ ಬುಟ್ಟಿಗಳಲ್ಲ, ಹುಲ್ಲು. ಬೋಲ್ಗಾ ಬುಟ್ಟಿಯ ಹೆಸರು ಉತ್ತರದ್ದಾದರೂ ಅದಕ್ಕೆ ಬೇಕಾದ ಆನೆಹುಲ್ಲು ಈಗ ಈ ಭಾಗದಲ್ಲಿ ಸಾಕಷ್ಟು ಸಿಗುವುದಿಲ್ಲ. ಅದು ಕುಮಾಸಿಯ ಕಡೆಯಿಂದ ಲಾರಿಯಲ್ಲಿ ಬರುತ್ತದೆ. ಹೆಣೆಯುವ ಹೆಂಗಸು ಮೊದಲು ಕೈಯಿಂದ ಹಣ ಹಾಕಿ ಹುಲ್ಲಿನ ಕಟ್ಟು ಕೊಳ್ಳಬೇಕು, ಒಂದೊಂದು ಕಡ್ಡಿಯನ್ನೂ ಎರಡಾಗಿ ಸೀಳಿ ಆ ಎರಡು ಎಳೆಗಳನ್ನು ಹೊಸೆದು ಹುರಿ ಮಾಡಬೇಕು, ಕುದಿಯುವ ಬಣ್ಣದ ನೀರಿನಲ್ಲಿ ಅದ್ದಬೇಕು, ಆಮೇಲೆ ಹೆಣಿಗೆ ಶುರುವಾಗುತ್ತದೆ. ಮಧ್ಯಮ ಗಾತ್ರದ ಒಂದು ಬುಟ್ಟಿಗೆ ಹೊಲ, ಅಡುಗೆ, ನೀರು, ಮಕ್ಕಳ ನಡುವೆ ಮೂರು ದಿನಗಳಾದರೂ ಹಿಡಿಯುತ್ತವೆ. ಹಾಗೆ ಹೆಣೆದದ್ದನ್ನು ಸಂತೆಗೆ ತಂದಾಗ ಸಗಟು ಕೊಳ್ಳುವವರು ನಸುಕಿನಲ್ಲೇ ಬಂದು ಬೆಲೆ ಕಟ್ಟುತ್ತಾರೆ. ಹುಲ್ಲಿನ ಸಾಲ ತೀರಿಸಬೇಕಾದವಳು ಆ ಬೆಲೆಗೆ ತಲೆಯಾಡಿಸದೆ ವಿಧಿಯಿಲ್ಲ. ಇದನ್ನು ನೋಡಿದ ಮೇಲೆ ನಾನು ಚೌಕಾಸಿ ನಿಲ್ಲಿಸಿದೆ. ಸಂತೆಯಲ್ಲಿ ಚೌಕಾಸಿ ಮಾಡುವುದು ಅಲ್ಲಿನ ರೂಢಿಯೇ ಆದರೂ, ಹೆಣೆದವರೇ ಎದುರಿಗೆ ಕುಳಿತಿದ್ದರೆ ಹೇಳಿದ ಬೆಲೆ ಕೊಟ್ಟುಬಿಡುವುದು ನನ್ನ ದೃಷ್ಟಿಯಲ್ಲಿ ನ್ಯಾಯ. ಹೆಣೆದವರು ಯಾರೆಂಬುದನ್ನು ಪತ್ತೆ ಮಾಡುವುದು ಕಷ್ಟವಲ್ಲ. ಅವರ ಕೈಯಲ್ಲಿ ಮುಗಿಯದ ಇನ್ನೊಂದು ಬುಟ್ಟಿ ಇದ್ದೇ ಇರುತ್ತದೆ.

ಸಿರಿಗು ಇರುವುದು ಬುರ್ಕಿನಾ ಫಾಸೊ ಗಡಿಯ ಹತ್ತಿರ. ಬೋಲ್ಗಾದಿಂದ ನವ್ರೊಂಗೊ ಕಡೆಗೆ ಹೋಗುವ ರಸ್ತೆಯಲ್ಲಿ ಕಾಂಡಿಗಾ ತಿರುವಿನಲ್ಲಿ ಬಲಕ್ಕೆ ಹೊರಳಿ, ಅಲ್ಲಿಂದ ಒಳದಾರಿಯಲ್ಲಿ ಸಾಗಬೇಕು. ಟ್ರೋಟ್ರೋಗಳು ಊರಿನ ಸಂತೆಯ ದಿನ ಧಾರಾಳವಾಗಿ ಓಡುತ್ತವೆ, ಉಳಿದ ದಿನ ಮಧ್ಯಾಹ್ನದ ಮೇಲೆ ಮರಳುವ ಗಾಡಿಯನ್ನು ನಂಬುವಂತಿಲ್ಲ. ಪಟ್ಟಣದ ಮೂರು ಚಕ್ರದ ಆಟೊಗಳಲ್ಲಿ ಭಾರತದಿಂದ ಬಂದ ಬಜಾಜ್ ಗಾಡಿಗಳೇ ಬಹಳ, ಆದರೆ ಆ ಪರಿಚಯದ ಮೋಹಕ್ಕೆ ಬಿದ್ದು ಅದರಲ್ಲಿ ಸಿರಿಗುವರೆಗೆ ಹೊರಡಬೇಡಿ, ಬೆನ್ನು ಉಳಿಯುವುದಿಲ್ಲ. ಇನ್ನೊಂದು ಎಚ್ಚರಿಕೆಯೂ ಇದೆ. ಬೋಲ್ಗಾದಲ್ಲಿ ತಾನಾಗಿಯೇ ಬಂದು ಜೊತೆಯಾದ ಯುವಕನೊಬ್ಬ 'ಸಿರಿಗು ಈಗ ಮುಚ್ಚಿದೆ' ಎಂದು ಹೇಳಿ ನನ್ನನ್ನು ಪರಿಚಯದ ಅಂಗಡಿಯೊಂದಕ್ಕೆ ಕರೆದೊಯ್ಯಲು ನೋಡಿದ. ಊರೊಂದು ಮುಚ್ಚುವುದು ಹೇಗೆಂದು ಕೇಳಿದಾಗ ನಕ್ಕು ಹೊರಟುಹೋದ.

ಸಿರಿಗುವಿನಲ್ಲಿ ನೇರವಾಗಿ ಹೋಗಬೇಕಾದ ಸ್ಥಳ ಸ್ವೋಪಾ, ಅಂದರೆ ಸಿರಿಗು ಮಹಿಳೆಯರ ಕುಂಬಾರಿಕೆ ಮತ್ತು ಕಲೆಯ ಸಂಘ. ಶಿಕ್ಷಕಿಯಾಗಿ ನಿವೃತ್ತರಾದ ಮೆಲನಿ ಕಸಿಸೆ ಅವರು 1997ರಲ್ಲಿ ಇದನ್ನು ಕಟ್ಟಿದರು. ಅಲ್ಲಿಯವರೆಗೆ ಗೋಡೆಯ ಚಿತ್ರ ಯಾರಿಗೂ ಸಂಪಾದನೆಯಾಗಿರಲಿಲ್ಲ. ಮನೆ ಕಟ್ಟುವುದು ಗಂಡಸರ ಕೆಲಸ, ಗೋಡೆಗೆ ಮೆತ್ತಿ ಚಿತ್ರ ಬರೆಯುವುದು ಹೆಂಗಸರ ಕೆಲಸ ಎಂಬ ಹಂಚಿಕೆಯಲ್ಲಿ, ಕೈ ಪಳಗಿದ ಹಿರಿಯಳೊಬ್ಬಳ ಮುಂದಾಳ್ತನದಲ್ಲಿ ಓಣಿಯ ಹೆಂಗಸರೆಲ್ಲ ಸೇರಿ ಒಂದೊಂದೇ ಮನೆಯನ್ನು ಮುಗಿಸುತ್ತಿದ್ದರು. ಸಿಮೆಂಟ್ ಇಟ್ಟಿಗೆ, ತಗಡಿನ ಮಾಡು ಬಂದಂತೆ ಬರೆಯುವ ಗೋಡೆಗಳೇ ಕಡಿಮೆಯಾದವು. ಸಂಘ ಮಾಡಿದ ಜಾಣ ಕೆಲಸವೆಂದರೆ ಆ ವಿನ್ಯಾಸಗಳನ್ನು ಕ್ಯಾನ್ವಾಸಿಗೆ ಇಳಿಸಿದ್ದು, ಜೊತೆಗೆ ಮಡಕೆ, ಬುಟ್ಟಿಗಳನ್ನು ಒಂದೇ ಸೂರಿನಡಿ ಮಾರಲು ತೊಡಗಿದ್ದು, ಚಿತ್ರ ಬರೆದ ಗೋಡೆಗಳ ಅತಿಥಿಗೃಹವನ್ನು ಕಟ್ಟಿ ಬಂದವರು ಅಲ್ಲೇ ತಂಗುವಂತೆ ಮಾಡಿದ್ದು. ಬೋಲ್ಗಾದಿಂದ ಬೆಳಿಗ್ಗೆ ಬಂದು ಸಂಜೆ ಮರಳುವವರು ಫೋಟೊ ತೆಗೆದುಕೊಂಡು ಹೋಗುತ್ತಾರಷ್ಟೆ, ಊರಿಗೆ ಹಣ ಉಳಿಯುವುದು ರಾತ್ರಿ ತಂಗುವವರಿಂದ. ಕೋಣೆ ಸರಳವಾಗಿದೆ, ವಿದ್ಯುತ್ತು ಆಗಾಗ ಹೋಗುತ್ತದೆ, ಸದ್ದು ಮಾತ್ರ ಇಲ್ಲ. ನನಗೆ ಅಷ್ಟೇ ಸಾಕಾಗಿತ್ತು.

ಹಣ ಕೊಟ್ಟರೆ ಹೆಂಗಸರೇ ಕೂರಿಸಿಕೊಂಡು ಕಲಿಸುತ್ತಾರೆ. ನಾನು ಗೋಡೆಯ ಕೆಲಸವನ್ನು ಆರಿಸಿಕೊಂಡೆ. ಕೆಮ್ಮಣ್ಣಿಗೆ ಸಗಣಿ ಕಲಸಿ ಗೋಡೆಗೆ ಪದರ ಪದರವಾಗಿ ಮೆತ್ತುವುದರಿಂದ ಅದು ಆರಂಭವಾಗುತ್ತದೆ. ಹೆಬ್ಬಾವು, ಮೊಸಳೆ, ಹಸುಗಳ ಉಬ್ಬು ರೂಪಗಳನ್ನು ಹಸಿ ಮಣ್ಣಿನಲ್ಲೇ ಬೆರಳಿನಿಂದ ಎಬ್ಬಿಸುತ್ತಾರೆ. ಉಳಿದ ಜಾಗವನ್ನು ತ್ರಿಕೋನಗಳ ಸಾಲುಗಳು ತುಂಬುತ್ತವೆ. ಒಡೆದ ಸೋರೆಬುರುಡೆಯ ಚೂರುಗಳನ್ನು, ಹೆಂಗಸಿನ ಕೋಣೆಯಲ್ಲಿ ಬುರುಡೆಗಳನ್ನು ತೂಗುಹಾಕುವ ಬಲೆಯನ್ನು ಈ ವಿನ್ಯಾಸಗಳು ಸೂಚಿಸುತ್ತವೆ. ಕೆಂಪು, ಕಪ್ಪು, ಬಿಳಿ ಕಲ್ಲುಗಳನ್ನು ಅರೆದು ಬಣ್ಣ ಮಾಡುತ್ತಾರೆ, ಈಗೀಗ ಕಪ್ಪಿಗೆ ಡಾಂಬರು ಬಳಸುವವರೂ ಇದ್ದಾರೆ. ಬಣ್ಣ ಹಚ್ಚಿದ ಮೇಲೆ ನುಣುಪಾದ ಬೆಣಚುಕಲ್ಲಿನಿಂದ ಇಂಚು ಇಂಚನ್ನೂ ಉಜ್ಜಬೇಕು, ತೋಳು ಸೋಲುವುದು ಇಲ್ಲಿಯೇ. ಕೊನೆಗೆ ದವದವ ಮರದ ಕಾಯಿಯ ಸಿಪ್ಪೆಯನ್ನು ಕುದಿಸಿದ ನೀರನ್ನು ಎರಚುತ್ತಾರೆ. ಮಳೆಗೆ ಬಣ್ಣ ಕರಗದಂತೆ ಕಾಯುವುದು ಆ ಕಂದು ಕಷಾಯವೇ. ಜೊತೆಗೆ ಕಲಿಯಲು ಬಂದಿದ್ದ ಇಬ್ಬರು ಯುರೋಪಿನವರು ಸಗಣಿಗೆ ಕೈ ಹಾಕಲು ಅಳುಕುತ್ತಿದ್ದಾಗ ನಾನು ಮೊಣಕೈವರೆಗೆ ಇಳಿಸಿದ್ದನ್ನು ಕಂಡು ಹೆಂಗಸರು ಏನೋ ಹೇಳಿಕೊಂಡು ನಕ್ಕರು. ಅವರ ನುಡಿ ನಂಕಾನಿ, ಇಂಗ್ಲಿಷ್ ಬಲ್ಲವರು ಕೆಲವರಷ್ಟೇ. ಆದ್ದರಿಂದ ಸಂಘದ ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಳ್ಳುವುದು ದುಂದುವೆಚ್ಚವಲ್ಲ. ಊರ ಮನೆಗಳಿಗೆ ಹೋಗುವಾಗಲೂ ಅವರು ಜೊತೆಗಿರಲಿ, ಹೇಳದೆ ಅಂಗಳಕ್ಕೆ ನುಗ್ಗಿ ಕ್ಯಾಮೆರಾ ಎತ್ತುವುದನ್ನು ಯಾರೂ ಇಷ್ಟಪಡುವುದಿಲ್ಲ. ಕೆಲವು ಹಳೆಯ ಮನೆಗಳ ಬಾಗಿಲು ತೆವಳಿ ಹೋಗುವಷ್ಟು ಗಿಡ್ಡ. ಗುಲಾಮರನ್ನು ಹಿಡಿಯಲು ಬರುತ್ತಿದ್ದವರ ಕಾಲದ ರಕ್ಷಣೆಯ ಉಪಾಯವದು ಎಂದು ಮಾರ್ಗದರ್ಶಿ ಹೇಳಿದರು. ಮೊಣಕಾಲು ನೋವಿರುವವರು ಹೊರಗೇ ನಿಲ್ಲುವುದು ಒಳ್ಳೆಯದು.

ಸುತ್ತಮುತ್ತ ನೋಡಬೇಕಾದ ಇನ್ನೊಂದು ಸ್ಥಳ ನವ್ರೊಂಗೊದ ಮಣ್ಣಿನ ಕೆಥೆಡ್ರಲ್. ಅದರ ಒಳಗೋಡೆಗಳನ್ನು ಅಲಂಕರಿಸಿದವರೂ ಸಿರಿಗುವಿನ ಹೆಂಗಸರೇ. ಚರ್ಚಿನ ಗೋಡೆಯಲ್ಲಿ ಅವರ ಹಸುಗಳನ್ನು, ತ್ರಿಕೋನಗಳನ್ನು ಕಂಡಾಗ ಹಳ್ಳಿಯಲ್ಲಿ ನೋಡಿದ್ದು ಇನ್ನಷ್ಟು ಸ್ಪಷ್ಟವಾಗುತ್ತದೆ. ಆದ್ದರಿಂದ ಸಿರಿಗು ಮೊದಲು, ನವ್ರೊಂಗೊ ನಂತರ ಎಂಬ ಕ್ರಮದಲ್ಲಿ ಹೋಗಿ. ಪಾಗಾದ ಮೊಸಳೆ ಕೊಳವನ್ನು ಎಲ್ಲರೂ ಹೊಗಳುತ್ತಾರೆ. ಜೀವಂತ ಕೋಳಿಯನ್ನು ಕೊಂಡು ಮೊಸಳೆಗೆ ಎಸೆದು ಅದರ ಬಾಲದ ಬಳಿ ಕುಳಿತು ಚಿತ್ರ ತೆಗೆಸಿಕೊಳ್ಳುವ ಆ ವ್ಯವಹಾರ ನನಗೆ ರುಚಿಸಲಿಲ್ಲ. ಗಡಿಯಾಚೆಯ ತಿಯೆಬೆಲೆಯ ಅರಮನೆ ಆವರಣ 2024ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು, ಅಲ್ಲಿನ ಕಸೆನಾ ಸಮುದಾಯದ ಹೆಂಗಸರ ಗೋಡೆಗಳು ಇದೇ ಬಳಗದವು. ಆದರೆ ಬುರ್ಕಿನಾ ಫಾಸೊದ ಸಶಸ್ತ್ರ ಗುಂಪುಗಳ ಹಾವಳಿ ಮುಗಿಯುವವರೆಗೆ ಗಡಿ ದಾಟುವ ಸಾಹಸ ಬೇಡ. ಘಾನಾದೊಳಗೂ ಬಾವ್ಕು ಪಟ್ಟಣದ ಕಡೆ ಸುಳಿಯಬೇಡಿ, ಅಲ್ಲಿನ ಮುಖಂಡನ ಪಟ್ಟದ ಜಗಳ ಹಳೆಯದು, ಮತ್ತೆ ಮತ್ತೆ ಹೊತ್ತಿಕೊಳ್ಳುವಂಥದ್ದು.

ಹಣವನ್ನು ಬೋಲ್ಗಾದಲ್ಲೇ ಘಾನಾದ ಸಿದಿ ನೋಟುಗಳಾಗಿ ತೆಗೆದುಕೊಂಡು ಹೋಗಿ, ಸಣ್ಣ ನೋಟುಗಳೇ ಹೆಚ್ಚಿರಲಿ. ಸಿರಿಗುವಿನ ಮಡಕೆಗಳು ಚಕ್ರವಿಲ್ಲದೆ ಕೈಯಲ್ಲೇ ತಟ್ಟಿ, ಬಯಲಿನಲ್ಲಿ ಸುಟ್ಟವು. ವಿಮಾನದ ಸಾಮಾನಿನಲ್ಲಿ ಅವು ಉಳಿಯುವುದಿಲ್ಲ, ಅಂಗೈ ಅಗಲದ ಒಂದೆರಡನ್ನು ಕೈಚೀಲದಲ್ಲಿ ತರಬಹುದು ಅಷ್ಟೇ. ಕ್ಯಾನ್ವಾಸನ್ನು ಚೌಕಟ್ಟಿನಿಂದ ಬಿಡಿಸಿ, ಚಿತ್ರ ಹೊರಮುಖವಾಗಿರುವಂತೆ ಸುರುಳಿ ಸುತ್ತಿ ಗಟ್ಟಿ ಕೊಳವೆಯಲ್ಲಿಡಿ. ಬುಟ್ಟಿಗಳ ವಿಷಯದಲ್ಲಿ ಚಿಂತೆಯೇ ಇಲ್ಲ. ಚಪ್ಪಟೆಯಾಗಿ ಒತ್ತಿ ಬಟ್ಟೆಗಳ ನಡುವೆ ಹಾಕಿಕೊಂಡು ಬಂದು, ಮನೆಯಲ್ಲಿ ಹಿಡಿಕೆಯ ಚರ್ಮ ಬಿಟ್ಟು ಉಳಿದ ಭಾಗವನ್ನು ನೀರಿನಲ್ಲಿ ನೆನೆಸಿ, ಕೈಯಿಂದ ಆಕಾರ ತಿದ್ದಿ ಒಣಗಲು ಬಿಟ್ಟರೆ ಮೊದಲಿನಂತೆಯೇ ನಿಲ್ಲುತ್ತವೆ.