ಪೆಡಲಿನ ಕೆಳಗಿನ ನೀರಿನ ಬಾಟಲಿ

ಸಣ್ಣ ವಿಮಾನಕ್ಕೆ ಸಾಮಾನು ಹೇರುವ ಮುಂಚೆ ಪೈಲಟ್ ಎರಡು ಲೆಕ್ಕ ಹಾಕುತ್ತಾನೆ. ಒಟ್ಟು ತೂಕ ಎಷ್ಟಾಯಿತು, ಆ ತೂಕದ ಕೇಂದ್ರ ಎಲ್ಲಿ ಬಿತ್ತು. ಎರಡೂ ಬೇಕು, ತಕರಾರಿಲ್ಲ. ಆದರೆ ಅರ್ಧ ಲೀಟರಿನ ನೀರಿನ ಬಾಟಲಿ ಆ ಎರಡೂ ಲೆಕ್ಕದಲ್ಲಿ ಕಾಣುವುದಿಲ್ಲ. ಇಳಿಯಲೆಂದು ಮೂತಿ ತಗ್ಗಿಸಿದಾಗ ಅದೇ ಬಾಟಲಿ ಸೀಟಿನ ಕೆಳಗಿಂದ ಉರುಳಿ ಬಂದು ರಡ್ಡರ್ ಪೆಡಲಿನ (ಮೂತಿಯನ್ನು ಎಡಬಲಕ್ಕೆ ಹೊರಳಿಸುವ ಕಾಲ್ಪೆಡಲಿನ) ಆಚೆ ಕೂತರೆ, ಆ ಪೆಡಲ್ ಪೂರ್ತಿ ಒತ್ತಲಾಗುವುದಿಲ್ಲ. ಅಡ್ಡಗಾಳಿಯಲ್ಲಿ ರನ್‌ವೇ ಮುಟ್ಟುವ ಹೊತ್ತಿಗೇ ಆ ಪೆಡಲ್ ಪೂರ್ತಿ ಬೇಕಾಗುವುದು.

ಇಲ್ಲಿ ಎರಡು ಬೇರೆ ಬೇರೆ ಅಪಾಯಗಳಿವೆ, ಅವನ್ನು ಒಂದೇ ಎಂದುಕೊಳ್ಳುವುದರಿಂದಲೇ ಎಡವಟ್ಟು. ಭಾರದ ಸಾಮಾನು ಜಾರಿದರೆ ಮನುಷ್ಯರಿಗೆ ಬಡಿಯುತ್ತದೆ, ತೂಕದ ಕೇಂದ್ರವನ್ನು ಕದಲಿಸುತ್ತದೆ. ಅದಕ್ಕೆ ಬಲೆ, ಪಟ್ಟಿ, ಕೊಂಡಿ ಮದ್ದು. ಕಂಟ್ರೋಲನ್ನು, ಅಂದರೆ ವಿಮಾನವನ್ನು ತಿರುಗಿಸುವ ಪೆಡಲು, ದಂಡ, ಕೇಬಲುಗಳನ್ನು, ಸಿಕ್ಕಿಸುವುದು ಮಾತ್ರ ಬಹುಪಾಲು ಚಿಕ್ಕಪುಟ್ಟ ಸಾಮಾನು: ಪೆನ್ನು, ಟಾರ್ಚು, ಫೋನು, ಸ್ಕ್ರೂಡ್ರೈವರು, ಬ್ಯಾಗಿನ ನೇತಾಡುವ ಪಟ್ಟಿ. ಇವು ಬಲೆಯ ಕಣ್ಣಿನಲ್ಲೇ ನುಸುಳುತ್ತವೆ. ಇವುಗಳಿಗೆ ಮದ್ದು ಸಂದಿ ಮುಚ್ಚುವುದು, ಜೇಬು ಖಾಲಿ ಮಾಡುವುದು. ಕಾರ್ಗೋ ನೆಟ್ ಹಾಕಿದ್ದೇನೆ ಎಂದು ನಿಶ್ಚಿಂತನಾದವನು ಮೊದಲನೆಯದನ್ನಷ್ಟೇ ತಡೆದಿದ್ದಾನೆ.

ಸಿಕ್ಕಿಕೊಳ್ಳುವುದು ಎಲ್ಲಿ ಎಂದು ತಿಳಿಯಲು ಸೆಸ್ನಾ 172ರ ಒಳಗನ್ನು ಕಲ್ಪಿಸಿಕೊಳ್ಳಿ. ಯೋಕ್‌ನ (ಪೈಲಟ್ ಹಿಡಿದು ತಿರುಗಿಸುವ ಹಿಡಿಕೆಯ) ದಂಡ ಡ್ಯಾಶ್‌ಬೋರ್ಡಿನೊಳಗೆ ಹಿಂದೆಮುಂದೆ ಸರಿಯುತ್ತದೆ. ಎಲಿವೇಟರ್ (ಮೂತಿಯನ್ನು ಏರಿಸಿ ಇಳಿಸುವ ಬಾಲದ ಹಲಗೆ) ಮತ್ತು ರಡ್ಡರಿನ ಉಕ್ಕಿನ ಕೇಬಲ್‌ಗಳು ನೆಲದ ಹಲಗೆಯ ಅಡಿಯಲ್ಲಿ ಪುಲ್ಲಿಗಳ ಮೇಲೆ ಹಾದು ಬಾಲಕ್ಕೆ ಹೋಗುತ್ತವೆ. ಲಗೇಜಿನ ಜಾಗಕ್ಕೂ ಬಾಲದ ಕೊಳವೆಗೂ ನಡುವೆ ಇರುವುದು ಒಂದು ತೆಳು ಮರೆ. ಆ ಮರೆಯ ಸ್ಕ್ರೂಗಳಲ್ಲಿ ಒಂದೆರಡು ಕಳೆದುಹೋಗಿ, ಮೂಲೆ ಎದ್ದುಕೊಂಡಿದ್ದರೆ ಅಲ್ಲಿ ನುಸುಳಿದ ವಸ್ತುವಿಗೆ ಮುಂದಿನ ನಿಲ್ದಾಣ ಕೇಬಲಿನ ಎಳೆತವನ್ನು ಎಲಿವೇಟರಿಗೆ ದಾಟಿಸುವ ಸನ್ನೆ, ಅಂದರೆ ಎಲಿವೇಟರಿನ ಬೆಲ್‌ಕ್ರ್ಯಾಂಕು. ಯೋಕ್ ಬದಲು ನೆಲದಿಂದೇಳುವ ಸ್ಟಿಕ್ ಇರುವ ವಿಮಾನದಲ್ಲಿ ಇನ್ನೊಂದು ಬಾಯಿ ಉಂಟು: ಸ್ಟಿಕ್ಕು ನೆಲದೊಳಗೆ ಇಳಿಯುವ ತೂತು. ಅದನ್ನು ಮುಚ್ಚುವ ಚರ್ಮದ ಅಥವಾ ಕ್ಯಾನ್ವಾಸಿನ ಚೀಲ ಹರಿದಿದ್ದರೆ, ಜಿಪ್ ಕಿತ್ತಿದ್ದರೆ, ಅದನ್ನು ಅಂದಚೆಂದದ ದೋಷ ಎಂದು ಮುಂದೂಡಬಾರದು.

ವಿನ್ಯಾಸಕಾರರಿಗೆ ಇದು ಗೊತ್ತಿಲ್ಲದ್ದೇನಲ್ಲ. ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ ನಿಯಮಾವಳಿಯ ಸಣ್ಣ ವಿಮಾನಗಳ ಭಾಗ 23, 2017ರಲ್ಲಿ ಹೊಸದಾಗಿ ಬರೆಯುವ ಮೊದಲು, 23.685ನೇ ಕಲಮಿನಲ್ಲಿ ಇದನ್ನು ನೇರವಾಗಿಯೇ ಹೇಳುತ್ತಿತ್ತು: ಕಂಟ್ರೋಲಿನ ಪ್ರತಿಯೊಂದು ಭಾಗವೂ ಸರಕು, ಪ್ರಯಾಣಿಕರು, ಬಿಡಿ ವಸ್ತುಗಳು ಅಥವಾ ಹೆಪ್ಪುಗಟ್ಟಿದ ತೇವದಿಂದ ಸಿಕ್ಕಿಕೊಳ್ಳದಂತೆ ಇರಬೇಕು, ಸಿಕ್ಕಿಸಬಲ್ಲ ಜಾಗಗಳಿಗೆ ಹೊರವಸ್ತು ಹೋಗದಂತೆ ಕಾಕ್‌ಪಿಟ್ಟಿನಲ್ಲಿ ತಡೆ ಇರಬೇಕು. ಈಗ ಹಾರುತ್ತಿರುವ ಹೆಚ್ಚಿನ ಸಣ್ಣ ವಿಮಾನಗಳು ಹಳೆಯ ನಿಯಮಗಳ ಕಾಲದವು. ಕಾರ್ಖಾನೆ ಬಿಟ್ಟಾಗ ಆ ತಡೆ ಇತ್ತು. ಮೂವತ್ತು ನಲವತ್ತು ವರ್ಷ ಬಿಚ್ಚಿ ಜೋಡಿಸಿ ಮಾಡಿದ ಮೇಲೆ ಇದೆಯೇ ಎಂಬುದನ್ನು ಮೊಣಕಾಲೂರಿ ಟಾರ್ಚು ಬಿಟ್ಟು ನೋಡಬೇಕು.

ತೇವ ಎಂದದ್ದನ್ನು ಹಗುರವಾಗಿ ನೋಡಬೇಡಿ. ಸೋರುವ ನೀರಿನ ಕ್ಯಾನು, ಬೂಟಿಗಂಟಿದ ಹಿಮ, ಕರಗಿದ ಐಸ್‌ಪೆಟ್ಟಿಗೆ, ಎಲ್ಲದರ ನೀರೂ ಇಳಿಯುವುದು ಹೊಟ್ಟೆಯಡಿಗೆ, ಪುಲ್ಲಿಗಳಿರುವ ಜಾಗಕ್ಕೆ. ಪ್ರತಿ ಸಾವಿರ ಅಡಿಗೆ ಸುಮಾರು 2 ಡಿಗ್ರಿ ಸೆಲ್ಸಿಯಸ್‌ನಂತೆ ಗಾಳಿ ತಣ್ಣಗಾಗುತ್ತದೆ. ನೆಲದ ಮೇಲೆ 10 ಡಿಗ್ರಿ ಇದ್ದ ದಿನ ಎಂಟು ಸಾವಿರ ಅಡಿಯಲ್ಲಿ ಆ ನೀರು ಗಡ್ಡೆ ಕಟ್ಟಬಹುದು. ಧಾನ್ಯ, ಮರಳು, ಸಿಮೆಂಟಿನ ಚೀಲಗಳದ್ದೂ ಇದೇ ಕತೆ. ಚೀಲದ ಒಂದು ಹೊಲಿಗೆ ಬಿಚ್ಚಿದರೆ ಸಾಕು, ಕಾಳು ನೆಲದ ಸಂದಿಯಿಂದ ಇಳಿದು ಕೇಬಲಿಗೂ ಪುಲ್ಲಿಗೂ ನಡುವೆ ಸೇರುತ್ತದೆ. ಇಂಥ ಸಾಮಾನಿನ ಅಡಿಗೆ ಮೊದಲು ದಪ್ಪ ಟಾರ್ಪಾಲು ಹಾಸಿ, ಅದರ ಅಂಚನ್ನು ಬದಿಗಳಲ್ಲಿ ಮೇಲಕ್ಕೆ ಮಡಚಬೇಕು.

ಈಗ ಕಟ್ಟುವ ವಿಷಯ. ಹುಲ್ಲಿನ ಗಾಡಿಗೆ ಮಿಣಿ ಬಿಗಿದು ಗೊತ್ತಿರುವವರಿಗೆ ಅರ್ಧ ಪಾಠ ಆಗಲೇ ಆಗಿದೆ. ಆದರೆ ಗಾಡಿ ತಲೆಕೆಳಗಾಗುವುದಿಲ್ಲ. ನಾರ್ಮಲ್ ವರ್ಗದ ವಿಮಾನವನ್ನು ಮೇಲ್ಮುಖವಾಗಿ 3.8 ಜಿ (1 ಜಿ ಎಂದರೆ ಮಾಮೂಲಿ ತೂಕದಷ್ಟು ಬಲ) ತಾಳುವಂತೆ ಕಟ್ಟಿದರೆ, ಕೆಳಮುಖವಾಗಿ 1.52 ಜಿ ತಾಳುವಂತೆಯೂ ಕಟ್ಟಿರುತ್ತಾರೆ. ಬಿರುಸಿನ ಗಾಳಿಯಲ್ಲಿ ಒಂದೇ ಒಂದು ಕ್ಷಣ ಜಿ ಸೊನ್ನೆಗಿಂತ ಕೆಳಗಿಳಿದರೂ ಸಾಮಾನು ಮೇಲೇಳುತ್ತದೆ, ಮತ್ತೆ ಬೀಳುವಾಗ ಬೇರೆ ಜಾಗದಲ್ಲಿ ಬೀಳುತ್ತದೆ. ಆದ್ದರಿಂದ ಪಕ್ಕದಿಂದ ಒತ್ತಿ ತುರುಕಿದ್ದು ಕಟ್ಟಿದಂತಲ್ಲ, ಮೇಲಿನಿಂದ ಹಿಡಿದಿರಬೇಕು. ಮುಂದಕ್ಕೆ ಬರುವ ಬಲ ಇನ್ನೂ ದೊಡ್ಡದು. ಬಲವಂತದ ಇಳಿತದಲ್ಲಿ ಕೂತ ಮನುಷ್ಯನಿಗೆ ಮುಂದಕ್ಕೆ 9 ಜಿ, ಅವನಿಗೆ ಗಾಯ ಮಾಡಬಲ್ಲ ಕ್ಯಾಬಿನ್ನಿನ ವಸ್ತುಗಳಿಗೆ 18 ಜಿ ಎಂದು ಹಳೆಯ 23.561 ಲೆಕ್ಕ ಹಿಡಿದಿತ್ತು. 172ಎಸ್‌ನ ಲಗೇಜ್ ಮಿತಿ ಎರಡೂ ಭಾಗ ಸೇರಿ 120 ಪೌಂಡು, ಅಂದರೆ 54 ಕಿಲೋ; ಅದರಲ್ಲಿ ಹಿಂದಿನ ಭಾಗಕ್ಕೆ 50 ಪೌಂಡು ಮಾತ್ರ. ಆ 54 ಕಿಲೋ 9 ಜಿಯಲ್ಲಿ 486 ಕಿಲೋ ಭಾರದಂತೆ ಮುಂದಕ್ಕೆ ನುಗ್ಗುತ್ತದೆ.

ಪಟ್ಟಿಯ ಕೋನವನ್ನು ಯಾರೂ ಗಮನಿಸುವುದಿಲ್ಲ ಎನ್ನುವುದು ನನ್ನ ದೂರು. ಪೆಟ್ಟಿಗೆಯ ಮೇಲಿಂದ ನೆಟ್ಟಗೆ ಕೆಳಗಿಳಿಸಿ ಬಿಗಿದ ಪಟ್ಟಿ ಮುಂದೆ ಜಾರುವುದನ್ನು ಘರ್ಷಣೆಯಿಂದಷ್ಟೇ ತಡೆಯುತ್ತದೆ. ಅದೇ ಪಟ್ಟಿ ಪೆಟ್ಟಿಗೆಯ ಮುಂಭಾಗವನ್ನು ಸುತ್ತಿ, ನೆಲಕ್ಕೆ 30 ಡಿಗ್ರಿ ಓರೆಯಾಗಿ ಹಿಂದಿನ ರಿಂಗಿಗೆ ಹೋದರೆ ತನ್ನ ಬಲದ 87 ಶೇಕಡಾವನ್ನು ಮುಂದಿನ ಜಾರಿಕೆಯ ವಿರುದ್ಧ ಕೊಡುತ್ತದೆ. 45 ಡಿಗ್ರಿಯಲ್ಲಿ 71. ಇದು ಚಿಲ್ಲರೆ ಮಾತಲ್ಲ. 2013ರ ಏಪ್ರಿಲ್ 29ರಂದು ಅಫ್ಘಾನಿಸ್ತಾನದ ಬಾಗ್ರಾಮಿನಲ್ಲಿ ಬೋಯಿಂಗ್ 747 ಸರಕು ವಿಮಾನವೊಂದು ಏರುತ್ತಿದ್ದಂತೆ ಒಳಗಿನ ಸೇನಾವಾಹನ ಕಳಚಿಕೊಂಡು ಹಿಂದಕ್ಕೆ ಜಾರಿ, ಹೈಡ್ರಾಲಿಕ್ಸನ್ನೂ ಬಾಲದ ಸ್ಟೆಬಿಲೈಸರನ್ನು ತಿರುಗಿಸುವ ಸ್ಕ್ರೂವಿನ ಭಾಗಗಳನ್ನೂ ಹಾಳುಗೆಡವಿತು. ಏಳು ಮಂದಿಯೂ ಸತ್ತರು. ಪಟ್ಟಿಗಳನ್ನು ಕಟ್ಟಿಯೇ ಇದ್ದರು. ಅಂಥ ಸಾಮಾನನ್ನು ಕಟ್ಟುವ ವಿಧಾನವೇ ಸಾಲದಾಗಿತ್ತು.

ಸಣ್ಣ ವಿಮಾನಕ್ಕೆ 25 ಮಿಲಿಮೀಟರಿನ ಪಾಲಿಯೆಸ್ಟರ್ ರ್ಯಾಚೆಟ್ ಪಟ್ಟಿ ಒಳ್ಳೆಯದು, ಹೆಚ್ಚು ಹಿಗ್ಗುವುದಿಲ್ಲ. ನೈಲಾನ್ ಹಿಗ್ಗುತ್ತದೆ. ರಬ್ಬರಿನ ಬಂಜೀ ಹಗ್ಗವನ್ನು ಕಟ್ಟು ಎಂದೇ ಲೆಕ್ಕ ಹಿಡಿಯಬೇಡಿ. ಅದು ಟೋಪಿ ಹಾರದಂತೆ ಹಿಡಿಯಬಹುದು, ಟೂಲ್‌ಬಾಕ್ಸನ್ನಲ್ಲ. ಪಟ್ಟಿಗೆ ಗಂಟು ಹಾಕಿದರೆ ಅದರ ಬಲ ಅರ್ಧದಷ್ಟು ಹೋಗುತ್ತದೆ, ಚೂಪು ಅಂಚಿನ ಮೇಲೆ ಹೋದರೆ ಕೊಯ್ಯುತ್ತದೆ, ಅಲ್ಲಿ ಹಳೆಯ ಕಾರ್ಪೆಟ್ಟಿನ ತುಂಡು ಕೊಡಿ. ಪಟ್ಟಿಯ ಲೇಬಲ್ಲಿನ ದೊಡ್ಡ ಅಂಕಿ ನೋಡಿ ಸಮಾಧಾನಪಡಬೇಡಿ. ತೆಳು ಅಲ್ಯೂಮಿನಿಯಂ ನೆಲಕ್ಕೆ ಕೂರಿಸಿದ ರಿಂಗು ಅದಕ್ಕಿಂತ ಮೊದಲೇ ಕಿತ್ತುಬರುತ್ತದೆ, ಆದ್ದರಿಂದ ವಿಮಾನದ ಕೈಪಿಡಿಯಲ್ಲಿ ರಿಂಗಿಗೆ ಕೊಟ್ಟ ಮಿತಿಯೇ ಕೊನೆಯ ಮಾತು. ಬಿಗಿದ ಮೇಲೆ ಪಟ್ಟಿಯ ಉಳಿದ ಬಾಲವನ್ನು ಸುತ್ತಿ ಟೇಪು ಹಾಕಿ. ಕಟ್ಟಲು ತಂದ ಪಟ್ಟಿಯ ಬಾಲವೇ ಟ್ರಿಮ್ ಚಕ್ರಕ್ಕೆ (ಎಲಿವೇಟರನ್ನು ಬೇಕಾದ ಮಟ್ಟದಲ್ಲಿ ನಿಲ್ಲಿಸಲು ತಿರುಗಿಸುವ ಚಕ್ರಕ್ಕೆ) ಸುತ್ತಿಕೊಂಡರೆ ನಗುವುದೋ ಅಳುವುದೋ.

ಉದ್ದದ ಸಾಮಾನು, ಅಂದರೆ ಪೈಪು, ಗಾಳ, ಸ್ಕೀ, ಇವು ಸೀಟುಗಳ ನಡುವೆ ಬಾಣದಂತೆ ಮುಂದೆ ಬರುತ್ತವೆ. ಎರಡು ತುದಿಗೂ ಕಟ್ಟಿ, ಮುಂದಿನ ತುದಿಗೆ ಬೇರೆಯೇ ತಡೆ ಕೊಡಿ. ಉರುಳೆಯಾಕಾರದ್ದನ್ನು ಅಡ್ಡಕ್ಕೆ ಮಲಗಿಸಿದರೆ ಕಾಕ್‌ಪಿಟ್ಟಿಗೆ ಉರುಳುತ್ತದೆ, ಉದ್ದಕ್ಕೆ ಮಲಗಿಸಿದರೆ ಗೋಡೆಗೆ ಉರುಳುತ್ತದೆ, ಎರಡನೆಯದು ವಾಸಿ. 20 ಲೀಟರಿನ ಏವ್‌ಗ್ಯಾಸ್ ಕ್ಯಾನಿನಲ್ಲಿ ಇಂಧನವೇ 14.4 ಕಿಲೋ ತೂಗುತ್ತದೆ ಎಂಬುದು ನೆನಪಿರಲಿ.

ಎಲ್ಲಕ್ಕಿಂತ ಕೆಟ್ಟ ಜಾಗ ಪೈಲಟಿನ ಪಕ್ಕದ ಸೀಟು. ಖಾಲಿ ಇದೆಯಲ್ಲ ಎಂದು ಬ್ಯಾಗಿಟ್ಟರೆ, ಅದರ ಎದುರೇ ಎರಡನೆಯ ಯೋಕ್ ಇದೆ, ಕೆಳಗೆ ಎರಡನೆಯ ಜೋಡಿ ಪೆಡಲಿದೆ, ಅವು ನಿಮ್ಮವಕ್ಕೆ ಗಟ್ಟಿಯಾಗಿ ಜೋಡಿಸಿದವು. ಸೀಟ್ ಬೆಲ್ಟನ್ನು ಬ್ಯಾಗಿನ ಮೇಲೆ ಹಾಕಿದರೆ ಸಾಲದು, ಹಿಡಿಯೊಳಗಿಂದ ತೂರಿಸಿ ಬಿಗಿಯಬೇಕು, ಇಲ್ಲದಿದ್ದರೆ ಬ್ಯಾಗು ಬೆಲ್ಟಿನ ಕೆಳಗೇ ಮಗುಚುತ್ತದೆ. ಅಲಾಸ್ಕದಲ್ಲಿ ಕೆಲಸ ಮಾಡುವ ಪೈಪರ್ ಸೂಪರ್ ಕಬ್‌ಗಳಲ್ಲಿ ಹಿಂದಿನ ಸ್ಟಿಕ್ಕನ್ನು ಕಳಚಿಟ್ಟು ಸಾಮಾನು ಹೇರುವ ವಾಡಿಕೆ ಇದಕ್ಕಾಗಿಯೇ. ಕಳಚಿದ ಮೇಲೆ ಉಳಿಯುವ ಮೋಟು ಕೂಡ ಆಡುತ್ತಲೇ ಇರುತ್ತದೆ, ಅದರ ಸುತ್ತಲೂ ಜಾಗ ಬಿಡಬೇಕು. ಸ್ಕೈಡೈವಿಂಗಿನ ಸೆಸ್ನಾ 182ಗಳಲ್ಲಿ ಬಲಗಡೆಯ ಯೋಕ್ ತೆಗೆಯುವುದೂ ಇದೇ ಕಾರಣಕ್ಕೆ.

ಬ್ಯಾಗೇ ಚಲಿಸಬೇಕೆಂದಿಲ್ಲ, ಸೀಟು ಚಲಿಸಿದರೂ ಆಯಿತು. 2014ರ ಫೆಬ್ರುವರಿ 9ರಂದು ಬ್ರಿಟನ್ನಿನ ವಾಯುಪಡೆಯ ವಾಯೇಜರ್ ವಿಮಾನದಲ್ಲಿ ಕ್ಯಾಪ್ಟನ್ನಿನ ಕ್ಯಾಮೆರಾ ಸೈಡ್‌ಸ್ಟಿಕ್ಕಿಗೂ ಕೈಯೊರಗಿಗೂ ನಡುವೆ ಇತ್ತು. ಸೀಟನ್ನು ಮುಂದಕ್ಕೆ ಸರಿಸಿದಾಗ ಕ್ಯಾಮೆರಾ ಸ್ಟಿಕ್ಕನ್ನು ಮುಂದಕ್ಕೆ ತಳ್ಳಿತು. ವಿಮಾನ 4,400 ಅಡಿ ಇಳಿದ ಮೇಲೆ ಹತೋಟಿಗೆ ಬಂತು. ದೊಡ್ಡ ವಿಮಾನ ನಿಜ, ಆದರೆ ಸೆಸ್ನಾದಲ್ಲೂ ಲೆಕ್ಕ ಅದೇ. ಸೆಸ್ನಾದಲ್ಲಂತೂ ಸೀಟೇ ಸರಕಾಗುವುದುಂಟು: ಹಳಿಯ ತೂತು ಸವೆದು, ಪಿನ್ನು ಸರಿಯಾಗಿ ಕೂರದೆ, ಟೇಕಾಫಿನಲ್ಲಿ ಸೀಟು ಹಿಂದಕ್ಕೆ ಜಾರಿದರೆ ಪೈಲಟ್ ಆಸರೆಗೆ ಹಿಡಿಯುವುದು ಯೋಕ್ ಅನ್ನೇ. ಸೆಸ್ನಾ ಸೀಟುಗಳ ಹಳಿ ಪರೀಕ್ಷಿಸಲು ಎಫ್‌ಎಎ 1987ರಲ್ಲೇ ಆದೇಶ ಹೊರಡಿಸಿತು. ಕೂತ ಮೇಲೆ ಸೀಟನ್ನು ಹಿಂದೆಮುಂದೆ ಜಗ್ಗಿ ನೋಡಿ.

ಹೇರುವ ಕ್ರಮ ಹೀಗಿರಲಿ. ಮೊದಲು ಖಾಲಿ ಮಾಡಿ: ಸೀಟುಗಳನ್ನು ಪೂರ್ತಿ ಹಿಂದೆ, ಪೂರ್ತಿ ಮುಂದೆ ಸರಿಸಿ ಅಡಿಯಲ್ಲಿ ಟಾರ್ಚು ಬಿಡಿ, ಪೆಡಲಿನ ಗುಂಡಿಗೆ ಕೈ ಹಾಕಿ ತಡಕಿ. ಹಿಂದಿನ ಮರೆಯ ಸ್ಕ್ರೂಗಳನ್ನು ಎಣಿಸಿ. ನೀರಿಗೆ ಉರುಳುವ ಬಾಟಲಿಯ ಬದಲು ಮೆತ್ತನೆಯ ಪೌಚು ತನ್ನಿ, ಪೆನ್ನಿಗೆ ದಾರ ಕಟ್ಟಿ, ಫೋನು ಜಿಪ್ ಇರುವ ಜೇಬಿಗೆ. ಆಮೇಲೆ ದೊಡ್ಡ ಸಾಮಾನು, ಪಟ್ಟಿ, ಬಲೆ. ಕಟ್ಟಿದ ಮೇಲೆ ಪ್ರತಿಯೊಂದನ್ನೂ ಮುಂದಕ್ಕೆ ಬಲವಾಗಿ ತಳ್ಳಿ, ಮೇಲಕ್ಕೆ ಎತ್ತಿ.

ನಂತರ ಕಂಟ್ರೋಲ್ ಪರೀಕ್ಷೆ. ಇದನ್ನು ಬಹಳ ಜನ ಕಾಟಾಚಾರಕ್ಕೆ ಎರಡು ಇಂಚು ಅಲ್ಲಾಡಿಸಿ ಮುಗಿಸುತ್ತಾರೆ. 172ಎಸ್‌ನ ಎಲಿವೇಟರ್ ಮೇಲಕ್ಕೆ 28 ಡಿಗ್ರಿ, ಕೆಳಕ್ಕೆ 23 ಡಿಗ್ರಿ ಆಡುತ್ತದೆ. ಸಮತಲದಲ್ಲಿ ಹಾರುವಾಗ ಅದರಲ್ಲಿ ಒಂದು ಚೂರು ಸಾಕು. ಯೋಕ್ ಪೂರ್ತಿ ಹಿಂದಕ್ಕೆ ಬೇಕಾಗುವುದು ನೆಲ ಮುಟ್ಟುವ ಮುಂಚಿನ ಕೊನೆಯ ಕ್ಷಣಗಳಲ್ಲಿ. ತುದಿಯಲ್ಲಿರುವ ಅಡ್ಡಿ ಹಾರಾಟವಿಡೀ ಸುಳಿವು ಕೊಡದೆ ಅಲ್ಲಿ ಮೊದಲ ಸಲ ಎದುರಾಗುತ್ತದೆ. ಆದ್ದರಿಂದ ಯೋಕನ್ನು ನಾಲ್ಕು ಮೂಲೆಗೂ ಒಯ್ಯಿರಿ: ಪೂರ್ತಿ ಹಿಂದೆ ಎಳೆದು ಎಡಕ್ಕೆ ಬಲಕ್ಕೆ, ಪೂರ್ತಿ ಮುಂದೆ ಒತ್ತಿ ಎಡಕ್ಕೆ ಬಲಕ್ಕೆ. ಹೆಬ್ಬೆರಳು ಮೇಲಕ್ಕೆ ಮಾಡಿ ಹಿಡಿದರೆ, ಹೆಬ್ಬೆರಳು ವಾಲಿದ ಕಡೆಯ ಏಲರಾನ್ (ವಿಮಾನವನ್ನು ವಾಲಿಸುವ ರೆಕ್ಕೆಯಂಚಿನ ಹಲಗೆ) ಮೇಲೆದ್ದಿರಬೇಕು. ಕತ್ತು ತಿರುಗಿಸಿ ಎಲಿವೇಟರನ್ನು ಕಣ್ಣಾರೆ ನೋಡಿ. ಪಕ್ಕದ ಸೀಟಿನಲ್ಲಿ ಸಾಮಾನಿದ್ದರೆ ಅದನ್ನು ಒಂದು ಕೈಯಲ್ಲಿ ಮುಂದಕ್ಕೆ ಒತ್ತಿಹಿಡಿದು ಇದೇ ಪರೀಕ್ಷೆ ಮತ್ತೊಮ್ಮೆ. ಯೋಕ್‌ಗೆ ಟ್ಯಾಬ್ಲೆಟ್ ಸಿಕ್ಕಿಸಿದ್ದರೆ ಪೂರ್ತಿ ತಿರುಗಿಸಿದಾಗ ತೊಡೆಗೆ ತಾಗುತ್ತದೆಯೇ ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ. ಎಲ್ಲೋ ಒಂದು ಕಡೆ ಮರಳು ಅರೆದಂತೆ, ಉಜ್ಜಿದಂತೆ ಅನ್ನಿಸಿದರೆ ಅಲ್ಲಿಗೆ ನಿಲ್ಲಿಸಿ ಎಂಜಿನ್ ಆರಿಸಿ.

ಇಷ್ಟಾಗಿಯೂ ಗಾಳಿಯಲ್ಲಿ ಸಿಕ್ಕಿಕೊಂಡರೆ ಮೊದಲು ಆಟೋಪೈಲಟ್ ಬಿಡಿಸಿ, ಮೊಣಕಾಲು, ಸೀಟು, ಪೆಡಲು ನೋಡಿ. ಸಿಕ್ಕ ದಿಕ್ಕಿಗೇ ಇನ್ನಷ್ಟು ಬಲ ಹಾಕಿದರೆ ವಸ್ತು ಇನ್ನಷ್ಟು ಒಳಗೆ ಹೋಗುತ್ತದೆ. ಮೆಲ್ಲಗೆ ವಿರುದ್ಧ ದಿಕ್ಕಿಗೆ ಸರಿಸಿ ನೋಡಿ. ಎಲಿವೇಟರ್ ಅಲ್ಲಾಡದೆ ನಿಂತರೆ ಮೂತಿಯನ್ನು ಎಂಜಿನ್ ಶಕ್ತಿಯಿಂದ ಹಿಡಿಯಬೇಕು: ಹೆಚ್ಚಿಸಿದರೆ ಏಳುತ್ತದೆ, ತಗ್ಗಿಸಿದರೆ ಇಳಿಯುತ್ತದೆ. ಟ್ರಿಮ್ಮಿನ ಬಗ್ಗೆ ಒಂದು ಮಾತು ಬಾಯಿಪಾಠವಾಗಿರಲಿ. ಕೇಬಲ್ ಕಡಿದು ಎಲಿವೇಟರ್ ಸಡಿಲವಾಗಿದ್ದರೆ ಟ್ರಿಮ್ ಎಂದಿನಂತೆಯೇ ಕೆಲಸ ಮಾಡುತ್ತದೆ. ಎಲಿವೇಟರೇ ಸಿಕ್ಕಿಕೊಂಡಿದ್ದರೆ ಉಲ್ಟಾ: ಮೂತಿ ಮೇಲಕ್ಕೆ ಎಂದು ಚಕ್ರ ತಿರುಗಿಸಿದಾಗ ಎಲಿವೇಟರಿನ ಅಂಚಿನ ಪುಟ್ಟ ಹಲಗೆಯಾದ ಟ್ಯಾಬ್ ಕೆಳಗಿಳಿಯುತ್ತದೆ, ಅದು ತಳ್ಳಬೇಕಾದ ಎಲಿವೇಟರ್ ಜಗ್ಗುವುದಿಲ್ಲ, ಟ್ಯಾಬೇ ಪುಟ್ಟ ಎಲಿವೇಟರಾಗಿ ಬಾಲವನ್ನೆತ್ತಿ ಮೂತಿಯನ್ನು ಇಳಿಸುತ್ತದೆ. ಫ್ಲ್ಯಾಪನ್ನು (ಇಳಿಯುವಾಗ ಕೆಳಗಿಳಿಸುವ ರೆಕ್ಕೆಯ ಹಿಂಬದಿಯ ಹಲಗೆಯನ್ನು) ಸ್ವಲ್ಪ ಸ್ವಲ್ಪವೇ ಬಿಡಿ, 172ರಲ್ಲಿ ಅದು ಮೂತಿಯನ್ನು ಎತ್ತುತ್ತದೆ. ಇದನ್ನೆಲ್ಲ ಎತ್ತರದಲ್ಲೇ ಪ್ರಯೋಗಿಸಿ, ಯಾವ ಜೋಡಣೆಯಲ್ಲಿ ವಿಮಾನ ಮಾತು ಕೇಳುತ್ತದೆ ಎಂದು ಕಂಡುಕೊಂಡು, ಉದ್ದದ ರನ್‌ವೇ ಆರಿಸಿ, ನೆಲದವರೆಗೂ ಅದನ್ನು ಬದಲಿಸದೆ ಇಳಿಯಿರಿ. ಏಲರಾನ್ ಸಿಕ್ಕಿಕೊಂಡರೆ ರಡ್ಡರಿನಿಂದಲೇ ವಾಲಿಸಬಹುದು, ನಿಧಾನವಾಗಿ.

ಇಳಿದ ಮೇಲೆ ತಂದದ್ದನ್ನೆಲ್ಲ ಎಣಿಸಿ. ಮೆಕ್ಯಾನಿಕ್ಕುಗಳು ಫೋಮಿನಲ್ಲಿ ಪ್ರತಿ ಪಾನೆಗೂ ಅದರದೇ ಆಕಾರದ ಗುಳಿ ಕೊರೆದಿಡುವುದು ಇದಕ್ಕೇ, ಖಾಲಿ ಗುಳಿ ದೂರದಿಂದಲೇ ಕಾಣುತ್ತದೆ. ಒಂದು ಪೆನ್ನು ಕಮ್ಮಿಯಾದರೆ ಲಾಗ್‌ಬುಕ್ಕಿನಲ್ಲಿ ಬರೆದು, ಮುಂದಿನ ಪೈಲಟಿಗೆ ಬಾಯಲ್ಲೂ ಹೇಳಿ, ನೆಲದ ಹಲಗೆ ಬಿಚ್ಚಿಸಿ, ಬಾಲದ ಪರೀಕ್ಷಾ ಕಿಂಡಿಗಳನ್ನು ತೆಗೆಸಿ ಹುಡುಕಿ. ಪೆನ್ನು ಕೊನೆಗೆ ನಿಮ್ಮ ಕಾರಿನಲ್ಲೇ ಸಿಕ್ಕರೆ, ಹೊಟ್ಟೆಯಡಿ ಒಮ್ಮೆ ವ್ಯಾಕ್ಯೂಮ್ ಆಯಿತಲ್ಲ ಎಂದುಕೊಳ್ಳಿ.